ಬಿಗಿ ಎಷ್ಟಿದ್ದರೆ ಸಾಕು: ಟಾರ್ಕ್ ರೆಂಚ್ ಕಲಿಸಿದ ಪಾಠಗಳು

ನಂಜನಗೂಡು, ತಿ. ನರಸೀಪುರ ಸುತ್ತಿನ ಗ್ಯಾರೇಜುಗಳಿಗೆ ಇಂಥದೇ ಗಾಡಿ ಬರುತ್ತದೆ ಅನ್ನುವಂತಿಲ್ಲ. ನಾಲೆಗೆ ನೀರು ಬಿಟ್ಟರೆ ಕೇಜ್ ವೀಲ್ ಹಾಕಿಸಲು ಟ್ರ್ಯಾಕ್ಟರ್ ಬರುತ್ತದೆ. ಕಬ್ಬು ಕಡಿಯುವ ಕಾಲಕ್ಕೆ ಅಳಗಂಚಿಯ ಸಕ್ಕರೆ ಕಾರ್ಖಾನೆಗೆ ಹೊರಟ ಟ್ರೇಲರ್. ರಜೆ ಬಂದರೆ ಊಟಿಗೆ ಹೊರಟ ಕಾರುಗಳು. ಬೈಕಂತೂ ವರ್ಷವಿಡೀ ಇದ್ದೇ ಇದೆ. ಯಾವ ಗಾಡಿಯಾದರೂ ಕೊನೆಗೆ ಕೈ ಹೋಗುವುದು ಬೋಲ್ಟು ನಟ್ಟಿಗೇ. ಟಾರ್ಕ್ ರೆಂಚ್ ಅಂದರೆ ಎಂಜಿನ್ ಹೆಡ್ಡಿಗೆ ಮಾತ್ರ ಬೇಕಾದ ಸಾಮಾನು ಎಂದು ನಮ್ಮ ಕಡೆ ಬಹಳ ಜನ ತಿಳಿದಿದ್ದಾರೆ. ನನ್ನ ಕೈಯಲ್ಲಿ ಅದು ಹೆಚ್ಚಾಗಿ ತಿರುಗುವುದು ಚಕ್ರದ ನಟ್ಟು, ರೋಟವೇಟರ್ ಬ್ಲೇಡು, ಬೈಕಿನ ಆಯಿಲ್ ಬೋಲ್ಟಿನ ಮೇಲೆ.

1. ಹಳೇ ಮೇಸ್ತ್ರಿಗಳ ಕೈಯಂದಾಜಿಗೆ ಸ್ಪ್ಯಾನರೇ ಆಧಾರವಾಗಿತ್ತು.

ಅವರು ಟಾರ್ಕ್ ರೆಂಚ್ ಮುಟ್ಟದೆ ಎಂಜಿನ್ ಕಟ್ಟಿದರು, ಅವು ಓಡಿದವು ಕೂಡ. ಅದು ಬರೀ ಕೈಗುಣವಲ್ಲ. 10ರ ಸ್ಪ್ಯಾನರ್ ಗಿಡ್ಡ, 24ರದು ಉದ್ದ. ಕೈಜೋರು ಒಂದೇ ಇದ್ದರೂ ಸಣ್ಣ ಬೋಲ್ಟಿಗೆ ಕಡಿಮೆ ಬಿಗಿ, ದೊಡ್ಡದಕ್ಕೆ ಹೆಚ್ಚು ಬಿಗಿ ತಾನಾಗಿ ಬೀಳುತ್ತಿತ್ತು. ಸ್ಪ್ಯಾನರ್ ಮಾಡಿದವನೇ ಅರ್ಧ ಲೆಕ್ಕ ಹಾಕಿ ಕೊಟ್ಟಿದ್ದ. ಸಾಕೆಟ್ ಸೆಟ್ ಬಂದ ಮೇಲೆ ಆ ಆಧಾರ ಹೋಯಿತು. ಈಗ ಒಂದೇ ಉದ್ದದ ಹಿಡಿಗೆ 10ರ ಸಾಕೆಟ್ಟೂ ಸಿಕ್ಕಿಸುತ್ತೇವೆ, 24ರದೂ ಸಿಕ್ಕಿಸುತ್ತೇವೆ. ಸಾಲದ್ದಕ್ಕೆ ಹಿಡಿಗೊಂದು ಪೈಪು.

ಕಾರಿನ ಚಕ್ರ ಬಿಚ್ಚುವ ಎಲ್ ರಾಡನ್ನೇ ತೆಗೆದುಕೊಳ್ಳಿ. ಉದ್ದ ಸುಮಾರು 30 ಸೆಂಟಿಮೀಟರ್. 60 ಕೆ.ಜಿ. ಆಸಾಮಿ ಅದರ ತುದಿಯ ಮೇಲೆ ನಿಂತರೆ ನಟ್ಟಿನ ಮೇಲೆ 18 ಕೆ.ಜಿ.-ಮೀಟರ್, ಅಂದರೆ ಹತ್ತಿರಹತ್ತಿರ 176 ನ್ಯೂಟನ್ ಮೀಟರ್ ಬೀಳುತ್ತದೆ. ಸಣ್ಣ ಕಾರುಗಳ ಚಕ್ರದ ನಟ್ಟು ಕೇಳುವುದು ಸಾಮಾನ್ಯವಾಗಿ 85ರಿಂದ 110. ನಿಂತಲ್ಲೇ ಒಂದು ಸಲ ಕುಪ್ಪಳಿಸಿದರೆ ಲೆಕ್ಕ ಎಲ್ಲಿಗೆ ಹೋಯಿತೋ ಯಾರಿಗೂ ಗೊತ್ತಿಲ್ಲ. ಹಾಗೆ ಬಿಗಿದ ಚಕ್ರವನ್ನು ಗುಂಡ್ಲುಪೇಟೆ ದಾಟಿ ಪಂಕ್ಚರ್ ಆದಾಗ ಮನೆಯ ಹೆಂಗಸರು, ವಯಸ್ಸಾದವರು ಬಿಚ್ಚಬೇಕು ಅನ್ನುವುದು ಬಿಗಿಯುವವನಿಗೆ ಹೊಳೆಯುವುದೇ ಇಲ್ಲ.

2. ರೆಂಚ್ ತೋರಿಸುವುದು ತಿರುಗಿಸುವ ಬಲವನ್ನು. ನಮಗೆ ಬೇಕಾದದ್ದು ಹಿಡಿತ.

ಈ ಕಸುಬಿನಲ್ಲಿ ತಡವಾಗಿ ತಲೆಗೆ ಹತ್ತುವ ಮಾತು ಇದು. ಬೋಲ್ಟು ಬಿಗಿದಾಗ ಅದು ಕೂದಲೆಳೆಯಷ್ಟು ಎಳೆದುಕೊಳ್ಳುತ್ತದೆ. ಸ್ಪ್ರಿಂಗಿನ ಹಾಗೆ ವಾಪಸ್ ಕುಗ್ಗಲು ನೋಡುತ್ತದೆ. ಆ ಸೆಳೆತವೇ ಎರಡು ಭಾಗಗಳನ್ನು ಒತ್ತಿ ಹಿಡಿಯುವುದು. ನಾವು ಹಾಕುವ ಬಲದಲ್ಲಿ ಸುಮಾರು ಅರ್ಧ ಬೋಲ್ಟಿನ ತಲೆಯ ಕೆಳಗಿನ ತಿಕ್ಕಾಟಕ್ಕೆ ಹೋಗುತ್ತದೆ, ನೂರಕ್ಕೆ ನಲವತ್ತು ಥ್ರೆಡ್ಡಿನ ತಿಕ್ಕಾಟಕ್ಕೆ. ಉಳಿದ ಹತ್ತು ಪಾಲು ಮಾತ್ರ ಹಿಡಿತವಾಗಿ ನಿಲ್ಲುತ್ತದೆ.

ಆ ತೊಂಬತ್ತು ಪಾಲಿನಲ್ಲಿ ಕೊಂಚ ಏರುಪೇರಾದರೂ ಹತ್ತು ಪಾಲು ಎಷ್ಟು ಅಲ್ಲಾಡುತ್ತದೆ ನೋಡಿ. ತಲೆಯ ಮೇಲೆ 8.8 ಎಂದು ಬರೆದ 12 ಮಿ.ಮೀ. ಬೋಲ್ಟಿಗೆ ಒಣ ಥ್ರೆಡ್ಡಿನಲ್ಲಿ 80 ನ್ಯೂಟನ್ ಮೀಟರ್ ಕೊಟ್ಟರೆ ಸುಮಾರು ಮೂರೂವರೆ ಟನ್ ಹಿಡಿತ ಸಿಗುತ್ತದೆ. ಅದೇ ಬೋಲ್ಟಿಗೆ ಎಣ್ಣೆ ಸವರಿ ಅದೇ 80 ಕೊಟ್ಟರೆ ಹಿಡಿತ ನಾಲ್ಕೂವರೆ ಟನ್ನಿನ ಹತ್ತಿರ ಹೋಗಿ, ಬೋಲ್ಟು ತಡೆಯುವ ಅಂಚಿಗೆ ಬರುತ್ತದೆ. ತುಕ್ಕು ಹಿಡಿದು ಗದ್ದೆ ಮಣ್ಣು ಮೆತ್ತಿದ್ದರೆ ಎರಡು ಟನ್ನಿನ ಆಸುಪಾಸಿಗೇ ನಿಂತುಬಿಡುತ್ತದೆ. ರೆಂಚ್ ಮಾತ್ರ ಮೂರು ಸಲವೂ ಅದೇ 80 ತೋರಿಸುತ್ತದೆ. ಅದು ಸುಳ್ಳು ಹೇಳಲಿಲ್ಲ, ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟಿತು.

ನಮ್ಮ ಸೀಮೆಯಲ್ಲಿ ಈ ಪಾಠ ಇನ್ನೂ ಮುಖ್ಯ. ಕೆಸರುಗದ್ದೆಯಿಂದ ನೇರ ಬಂದ ಟ್ರ್ಯಾಕ್ಟರಿನ ಹಬ್ ಬೋಲ್ಟಿನ ಥ್ರೆಡ್ಡಿನಲ್ಲಿ ಮಣ್ಣು ಒಣಗಿ ಸಿಮೆಂಟಿನಂತಾಗಿರುತ್ತದೆ. ತಂತಿ ಬ್ರಷ್ಷಿನಲ್ಲಿ ಉಜ್ಜಿ, ಡೀಸೆಲ್ಲಿನಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ, ನಟ್ಟು ಬರಿಗೈಯಲ್ಲಿ ಬುಡದವರೆಗೆ ಸರಾಗ ಓಡಿದ ಮೇಲೆ ರೆಂಚ್ ತೆಗೆಯುವುದು. ಚಕ್ರದ ನಟ್ಟಿಗೆ ಗ್ರೀಸ್ ಹಚ್ಚುವ ಅಭ್ಯಾಸ ಬಿಡಿ. ಕಂಪನಿಯವರು ಕೊಟ್ಟ ಅಂಕಿ ಬಹುತೇಕ ಒಣ ಥ್ರೆಡ್ಡಿನದು. ಎಣ್ಣೆ ಹಾಕಿ ಎಂದು ಪುಸ್ತಕದಲ್ಲಿ ಬರೆದಿರುವ ಕಡೆ ಎಣ್ಣೆ ಹಾಕಿ, ಇಲ್ಲದ ಕಡೆ ಬೇಡ.

3. ಮೊದಲ ರೆಂಚ್ ಮುಳ್ಳಿನದಿರಲಿ.

ಬಾಗುವ ಕಂಬಿ, ಅದರ ಪಕ್ಕಕ್ಕೊಂದು ಮುಳ್ಳು, ಹಿಡಿಯ ಹತ್ತಿರ ಅಂಕಿಯ ಪಟ್ಟಿ: ಇಷ್ಟೇ ಅದರ ಮೈ. ಒಳಗೆ ಸ್ಪ್ರಿಂಗಿಲ್ಲ, ಸವೆಯುವುದೂ ಇಲ್ಲ. ಕೆಲಸವಿಲ್ಲದಾಗ ಮುಳ್ಳು ಸೊನ್ನೆಯ ಮೇಲೆ ಕೂತಿದೆಯೇ ಎಂದು ನೋಡಿದರೆ ಪರೀಕ್ಷೆ ಮುಗಿಯಿತು. ಪಕ್ಕಕ್ಕೆ ಸರಿದಿದ್ದರೆ ಮುಳ್ಳನ್ನೇ ಮೆಲ್ಲಗೆ ಬಗ್ಗಿಸಿ ಸೊನ್ನೆಗೆ ತರಬಹುದು. ಓದುವಾಗ ಕಣ್ಣು ಮುಳ್ಳಿಗೆ ನೇರ ಮೇಲಿರಬೇಕು, ಓರೆ ನೋಡಿದರೆ ಅಂಕಿಯೂ ಓರೆ. ಹಿಡಿ ನಡುವಿನ ಪಿನ್ನಿನ ಮೇಲೆ ತೂಗಾಡುವ ಹಾಗಿದ್ದರೆ, ಅದು ಕಂಬಿಗೆ ತಾಗದಂತೆ ಎಳೆಯಬೇಕು. ಟ್ರ್ಯಾಕ್ಟರಿನ ಅಡಿಗೆ ಮಲಗಿ ಕತ್ತಲಲ್ಲಿ ಮುಳ್ಳು ಓದುವುದು ಕಷ್ಟ, ಒಪ್ಪುತ್ತೇನೆ. ಅಲ್ಲಿ ಟಕ್ ಅನ್ನುವ ಕ್ಲಿಕ್ ರೆಂಚೇ ಸರಿ.

ಒಂದೇ ರೆಂಚಿನಲ್ಲಿ ಎಲ್ಲ ಮಾಡುತ್ತೇನೆ ಅನ್ನಬೇಡಿ. 200ರವರೆಗೆ ಹೋಗುವ ರೆಂಚಿನಲ್ಲಿ 10ರ ಕೆಲಸ ಮಾಡಿದರೆ ಆ ಅಂಕಿಗೆ ಅರ್ಥವಿಲ್ಲ. ಕ್ಲಿಕ್ ರೆಂಚನ್ನು ಅದರ ಗರಿಷ್ಠದ ಐದರಲ್ಲೊಂದು ಪಾಲಿಗಿಂತ ಕೆಳಗೆ ನಂಬುವಂತಿಲ್ಲ.

4. ಟಕ್ ಅಂದರೆ ಕೈ ಬಿಡುವುದು.

ಕೆಲಸ ಕಲಿಯುವ ಹೈದರಿಗೆ ಆ ಸದ್ದು ಖುಷಿ. ಖಾತ್ರಿಗೆ ಅಂತ ಎರಡು ಸಲ, ಮೂರು ಸಲ ಟಕ್ ಅನ್ನಿಸುತ್ತಾರೆ. ಪ್ರತಿ ಸಲವೂ ಬೋಲ್ಟು ಒಂದು ಎಳೆ ಮುಂದೆ ಹೋಗಬಹುದು. ಜರಕ್ಕನೆ ಎಳೆದರೂ ಸದ್ದು ಬರುವಷ್ಟರಲ್ಲಿ ಬಿಗಿ ಮಿತಿ ದಾಟಿರುತ್ತದೆ. ಹಿಡಿಯ ನಡುವೆ ಕೈಯಿಟ್ಟು ಒಂದೇ ಸಮನೆ ಎಳೆಯಿರಿ, ಮೊದಲ ಸದ್ದಿಗೆ ನಿಲ್ಲಿಸಿ. ಕ್ಲಿಕ್ ರೆಂಚಿನಲ್ಲಿ ಬೋಲ್ಟು ಬಿಚ್ಚಬೇಡಿ. ಸಂಜೆ ಅಂಗಡಿ ಮುಚ್ಚುವಾಗ ಅದರ ಹಿಡಿಯನ್ನು ಅತಿ ಕಡಿಮೆ ಅಂಕಿಗೆ ತಿರುಗಿಸಿಡಿ, ಅದಕ್ಕಿಂತ ಕೆಳಗೂ ಬೇಡ.

5. ಅಂಕಿಯ ಪಕ್ಕದ ಅಕ್ಷರ ಓದಿ.

ಹಳೇ ಟ್ರ್ಯಾಕ್ಟರುಗಳ ಪುಸ್ತಕದಲ್ಲಿ ಕೆ.ಜಿ.-ಮೀಟರ್, ಕೆಲವದರಲ್ಲಿ ಅಡಿ-ಪೌಂಡ್, ಹೊಸವುಗಳಲ್ಲಿ ನ್ಯೂಟನ್ ಮೀಟರ್. ರೆಂಚಿನ ಮೇಲೆ ಎರಡು ಸಾಲು ಇದ್ದರೆ ಕಣ್ಣು ತಪ್ಪುವುದು ಸುಲಭ. 1 ಕೆ.ಜಿ.-ಮೀಟರ್ ಅಂದರೆ 9.81 ನ್ಯೂಟನ್ ಮೀಟರ್. 1 ಅಡಿ-ಪೌಂಡ್ ಅಂದರೆ 1.356. 80 ನ್ಯೂಟನ್ ಮೀಟರ್ ಕೊಡಬೇಕಾದಲ್ಲಿ 80 ಅಡಿ-ಪೌಂಡ್ ಕೊಟ್ಟರೆ 108 ಆಯಿತು. ನನ್ನ ಅಂಗಡಿ ಗೋಡೆಯ ಮೇಲೆ ಈ ಎರಡು ಅಂಕಿ ಪೇಂಟಿನಲ್ಲಿವೆ.

6. ಇನ್ನೊಂಚೂರು ಅನ್ನುವ ಗಿರಾಕಿಗೆ ಹೇಗೆ ಉತ್ತರಿಸುವುದು.

ಬೈಕಿನ ಆಯಿಲ್ ಬದಲಿಸಿ ಕೆಳಗಿನ ಬೋಲ್ಟು ಹಾಕುವಾಗ ಪಕ್ಕದಲ್ಲಿ ಕೂತ ಯಜಮಾನರು ಹೇಳುವುದು ಒಂದೇ ಮಾತು: “ಇನ್ನೊಂಚೂರು ಬಿಗಿ ಹಾಕಪ್ಪ, ದಾರೀಲಿ ಕಳಚ್ಕಂಡ್ರೆ ಏನ್ ಮಾಡನ?” ಭಯ ನ್ಯಾಯವಾದದ್ದೇ. ಆದರೆ ಆ ಬೋಲ್ಟು ಉಕ್ಕಿನದು, ಅದು ಕೂರುವ ಕೇಸು ಅಲ್ಯೂಮಿನಿಯಂ. ಉಕ್ಕಿಗೂ ಅದಕ್ಕೂ ಜಗಳವಾದರೆ ಸೋಲುವುದು ಕೇಸೇ. ಬೋಲ್ಟು ಥಳಥಳ ಅಂತ ಹೊರಬರುತ್ತದೆ, ಅದರ ಥ್ರೆಡ್ಡಿನ ಸಂದಿನಲ್ಲಿ ಬೆಳ್ಳಗಿನ ಸುರುಳಿ ಕೂದಲಿನಂತೆ ಸುತ್ತಿಕೊಂಡಿರುತ್ತದೆ. ಅದು ಎಂಜಿನ್ ಕೇಸಿನ ಥ್ರೆಡ್ಡು. ಆಮೇಲೆ ಲೇತ್ ಅಂಗಡಿಗೆ ಹೋಗಿ ದೊಡ್ಡ ತೂತು ಕೊರೆಸಿ ಉಕ್ಕಿನ ಸುರುಳಿ ಕೂರಿಸಬೇಕು.

ನಾನು ಗಿರಾಕಿಯ ಹತ್ತಿರ ವಾದ ಮಾಡುವುದಿಲ್ಲ. “ಬನ್ನಿ ಅಣ್ಣ, ನೀವೇ ಎಳೀರಿ” ಎಂದು ರೆಂಚ್ ಅವರ ಕೈಗೆ ಕೊಡುತ್ತೇನೆ. ಅಂಕಿಗೆ ಮುಳ್ಳು ಬಂದದ್ದನ್ನು ಕಂಡರೆ ಅವರೇ ಸುಮ್ಮನಾಗುತ್ತಾರೆ. ಸೋರಿಕೆ ತಡೆಯುವುದು ಬೋಲ್ಟಿನ ಬಿಗಿಗಿಂತ ಹೆಚ್ಚಾಗಿ ಅದರ ವಾಷರ್. ಪ್ರತಿ ಸಲ ಹೊಸ ವಾಷರ್ ಹಾಕಿ.

ಅಂಕಿ ಸಿಗದ ಬೋಲ್ಟಿಗೆ, ಉಕ್ಕಿಗೆ ಉಕ್ಕು, ಒಣ ಥ್ರೆಡ್ಡು, 8.8 ದರ್ಜೆ ಆದರೆ ನ್ಯೂಟನ್ ಮೀಟರಿನಲ್ಲಿ ನನ್ನ ಅಂದಾಜು ಇದು: 6 ಮಿ.ಮೀ.ಗೆ 9–10, 8ಕ್ಕೆ 23–25, 10ಕ್ಕೆ 45–50, 12ಕ್ಕೆ 80–85. ಅಲ್ಯೂಮಿನಿಯಂ ಆದರೆ ಇದು ನಡೆಯುವುದಿಲ್ಲ, ಪುಸ್ತಕ ನೋಡಲೇಬೇಕು. 4.6 ಎಂದಿದ್ದರೂ ನಡೆಯುವುದಿಲ್ಲ, ಅದು ಮೆತ್ತನೆ ಬೋಲ್ಟು. ರೋಟವೇಟರಿನಲ್ಲಿ ಇದು ದಿನಾ ಕಾಣುವ ವಿಷಯ: ಬ್ಲೇಡು ಕಲ್ಲಿಗೆ ಹೊಡೆದು ಬೋಲ್ಟು ಮುರಿದಾಗ ಮನೆಯಲ್ಲಿದ್ದ ಯಾವುದೋ ಬೋಲ್ಟು ಹಾಕಿಕೊಂಡು ಬರುತ್ತಾರೆ, ತಲೆಯ ಮೇಲೆ ಅಂಕಿಯೇ ಇರುವುದಿಲ್ಲ. ಅದಕ್ಕೆ ಟಾರ್ಕ್ ರೆಂಚ್ ಹಿಡಿಯುವುದು ವ್ಯರ್ಥ. ಮೊದಲು ಸರಿಯಾದ ಬೋಲ್ಟು ತರಿಸಿ.

7. ಒಂದೇ ಏಟಿಗೆ ಪೂರ್ತಿ ಬಿಗಿಯಬೇಡಿ.

ಚಕ್ರವಾದರೆ ಎದುರುಬದುರು, ಐದು ನಟ್ಟಿದ್ದರೆ ನಕ್ಷತ್ರ ಬರೆದ ಹಾಗೆ. ಎಂಜಿನ್ ಹೆಡ್ಡಾದರೆ ನಡುವಿನಿಂದ ಶುರುಮಾಡಿ ಸುತ್ತುತ್ತ ಹೊರಕ್ಕೆ. ಮೂರನೇ ಒಂದು ಪಾಲು, ಮೂರನೇ ಎರಡು ಪಾಲು, ಆಮೇಲೆ ಪೂರ್ತಿ. ಚಕ್ರ ಜ್ಯಾಕಿನ ಮೇಲೆ ನೇತಾಡುವಾಗಲೇ ಎಲ್ಲ ನಟ್ಟೂ ಕೂರಬೇಕು, ಕೊನೆಯ ಬಿಗಿ ಮಾತ್ರ ನೆಲಕ್ಕೆ ಇಳಿಸಿದ ಮೇಲೆ.

ಹೊಳೆ ದಂಡೆಯ ಪಂಪ್‌ಸೆಟ್ಟುಗಳಿಗೂ ಇದೇ ಮಾತು. ಬೀಡು ಕಬ್ಬಿಣದ ಫ್ಲೇಂಜಿನ ಒಂದು ಬದಿಯ ಬೋಲ್ಟನ್ನೇ ಪೂರ್ತಿ ಎಳೆದರೆ ಎದುರು ಬದಿ ಬಾಯಿ ಬಿಡುತ್ತದೆ. ಅದನ್ನು ಮುಚ್ಚಲು ಇನ್ನೂ ಎಳೆದರೆ ಕಿವಿ ಮುರಿಯುತ್ತದೆ. ಟಾರ್ಕ್ ರೆಂಚ್ ಹುಟ್ಟಿದ್ದೂ ಇಂಥದೇ ಕಾಟಕ್ಕಂತೆ. ನ್ಯೂಯಾರ್ಕ್ ನಗರದ ನೀರು ಸರಬರಾಜಿನಲ್ಲಿದ್ದ ಕಾನ್ರಾಡ್ ಬಾರ್ ಎಂಬಾತ ಪೈಪುಗಳ ಫ್ಲೇಂಜ್ ಬೋಲ್ಟು ಅತಿ ಬಿಗಿಯಾಗದಿರಲೆಂದು 1918ರಲ್ಲಿ ಇದನ್ನು ಮಾಡಿಕೊಂಡ ಎನ್ನುತ್ತಾರೆ.

8. ಉದ್ದ ಬದಲಾದರೆ ಲೆಕ್ಕವೂ ಬದಲು.

ಸಾಕೆಟ್ಟಿಗೂ ರೆಂಚಿಗೂ ನಡುವೆ ನೇರ ಕೆಳಗಿಳಿಯುವ ರಾಡು ಹಾಕಿದರೆ ಏನೂ ಆಗುವುದಿಲ್ಲ. ಆದರೆ ಇಕ್ಕಟ್ಟಿನ ಜಾಗಕ್ಕೆಂದು ರೆಂಚಿನ ಮುಂದಕ್ಕೆ ಚಾಚುವ ಸ್ಪ್ಯಾನರ್ ತಲೆ ಸಿಕ್ಕಿಸಿದರೆ ಅಂಕಿ ತಿದ್ದಬೇಕು. ರೆಂಚ್ 40 ಸೆಂಟಿಮೀಟರ್, ಚಾಚು 5 ಸೆಂಟಿಮೀಟರ್, ಬೇಕಾದ ಬಿಗಿ 90 ಎಂದುಕೊಳ್ಳಿ. 90ನ್ನು 40ರಿಂದ ಗುಣಿಸಿ 45ರಿಂದ ಭಾಗಿಸಿದರೆ 80; ರೆಂಚನ್ನು 80ಕ್ಕೆ ಇಡಬೇಕು. ಚಾಚನ್ನು ರೆಂಚಿಗೆ ಅಡ್ಡಲಾಗಿ, ಮೂಲೆಮಟ್ಟಕ್ಕೆ ತಿರುಗಿಸಿ ಹಾಕಿದರೆ ಈ ತಿದ್ದುಪಡಿಯ ಗೊಡವೆಯೇ ಇಲ್ಲ.

9. ತೂಕದ ಬಟ್ಟಿನಲ್ಲಿ ಪರೀಕ್ಷೆ.

ಐಎಸ್ಒ 6789ರ ಪ್ರಕಾರ ವರ್ಷಕ್ಕೊಮ್ಮೆ ಅಥವಾ 5,000 ಸಲ ಬಳಸಿದ ಮೇಲೆ ರೆಂಚನ್ನು ಲ್ಯಾಬಿನಲ್ಲಿ ತಾಳೆ ನೋಡಿಸಬೇಕು. ಕಾರ್ಖಾನೆಯವರು ಮಾಡಿಸುತ್ತಾರೆ. ನಮ್ಮಂಥವರಿಗೆ ನಡುನಡುವೆ ಒಂದು ದಾರಿಯಿದೆ. ರೆಂಚಿನ ಚೌಕ ಮೂತಿಯನ್ನು ವೈಸಿನಲ್ಲಿ ಕಚ್ಚಿಸಿ, ಹಿಡಿ ನೆಲಕ್ಕೆ ಸಮನಾಗಿ ನಿಲ್ಲಲಿ. ಮೂತಿಯ ನಡುವಿನಿಂದ ಹಿಡಿಯ ನಡುವಿಗೆ ಟೇಪಿನಲ್ಲಿ ಅಳೆಯಿರಿ. ಅದು 40 ಸೆಂಟಿಮೀಟರ್ ಆದರೆ ಅಲ್ಲಿಗೆ ದಿನಸಿ ಅಂಗಡಿಯ ಮೊಹರು ಬಿದ್ದ 20 ಕೆ.ಜಿ. ಬಟ್ಟನ್ನು ತಂತಿಯಲ್ಲಿ ನೇತುಹಾಕಿ. ಲೆಕ್ಕಕ್ಕೆ 78.5 ನ್ಯೂಟನ್ ಮೀಟರ್; ರೆಂಚಿನ ಸ್ವಂತ ಭಾರ ಸೇರಿ 80ರ ಆಸುಪಾಸು. ರೆಂಚಿನ ಅಂಕಿ ಬದಲಿಸುತ್ತ ನೋಡಿದಾಗ 77ರಿಂದ 83ರೊಳಗೆ ಟಕ್ ಅಂದರೆ ರೆಂಚ್ ಇನ್ನೂ ದುಡಿಯುತ್ತದೆ. 70ಕ್ಕೋ 90ಕ್ಕೋ ಅಂದರೆ ಅದನ್ನು ಲ್ಯಾಬಿಗೆ ಕಳಿಸಿ, ಇಲ್ಲವೇ ಹೊಸದು ತನ್ನಿ. ಕಲ್ಲು, ಮೂಟೆ ಕಟ್ಟಿ ಅಂದಾಜು ನೋಡುವುದು ಬೇಡ.

10. ಬಿಗಿದ ಮೇಲೆ ಇನ್ನೊಮ್ಮೆ ನೋಡುವುದು.

ಪೇಂಟು, ತುಕ್ಕಿನ ಪದರ, ಅಡಿಯಲ್ಲಿ ಸಿಕ್ಕ ಮರಳು ಒತ್ತಡಕ್ಕೆ ಪುಡಿಯಾಗಿ ಬಿಗಿ ಇಳಿಯುತ್ತದೆ. ಚಕ್ರಕ್ಕೆ 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಮರುನೋಟ ಬೇಕು. ನಂಜನಗೂಡಿನಲ್ಲಿ ಚಕ್ರ ಹಾಕಿಸಿಕೊಂಡವರು ಊಟಿಯಲ್ಲಿ ಮಾರನೇ ಬೆಳಿಗ್ಗೆ, ಚಕ್ರ ತಣ್ಣಗಿರುವಾಗ ನೋಡಿಸಿದರೆ ಸರಿಹೋಗುತ್ತದೆ. ಕಬ್ಬಿನ ಟ್ರೇಲರಿಗೆ ಆ ಪುರುಸೊತ್ತಿಲ್ಲ. ಅವುಗಳಿಗೆ ನಟ್ಟಿನಿಂದ ರಿಮ್ಮಿಗೆ ಹಳದಿ ಪೇಂಟಿನ ಒಂದು ಗೆರೆ ಎಳೆದು ಕೊಡುತ್ತೇನೆ. ಗೆರೆ ಮುರಿದಿದ್ದರೆ ನಟ್ಟು ತಿರುಗಿದೆ ಎಂದು ಕಾರ್ಖಾನೆ ಮುಂದಿನ ಸಾಲಿನಲ್ಲಿ ಕಾಯುವ ಡ್ರೈವರಿಗೇ ಕಾಣುತ್ತದೆ.

11. ಟಾರ್ಕ್ ರೆಂಚ್ ಸಾಲದ, ಬೇಡದ ಜಾಗಗಳೂ ಇವೆ.

ಇಷ್ಟು ಟಾರ್ಕು, ಆಮೇಲೆ ಇಷ್ಟು ಡಿಗ್ರಿ ತಿರುಗಿಸು ಎಂದು ಬರೆದಿರುವ ಹೆಡ್ ಬೋಲ್ಟುಗಳಿಗೆ ಬರೀ ಅಂಕಿ ಸಾಲದು. ಅವುಗಳಲ್ಲಿ ಹಲವು ಒಮ್ಮೆ ಎಳೆದುಕೊಂಡ ಮೇಲೆ ಮತ್ತೆ ಬಳಸುವಂಥವಲ್ಲ. ಟ್ರೇಲರ್ ಹಬ್ಬಿನ ಬೇರಿಂಗ್ ನಟ್ಟು ಬಿಗಿದು, ಮತ್ತೆ ಸ್ವಲ್ಪ ಸಡಿಲಿಸಿ, ಚಕ್ರ ಕೈಯಲ್ಲಿ ತಿರುಗಿಸಿ ನೋಡಿ ಪಿನ್ನು ಹಾಕುವ ಕೆಲಸ. ಅಲ್ಲಿ ಹಳೇ ಮೇಸ್ತ್ರಿಯ ಕೈಯೇ ಮೇಲು.

12. ಸಾಲ ಕೇಳಿದರೆ.

ಪಕ್ಕದ ಅಂಗಡಿಯವರು ಟಾರ್ಕ್ ರೆಂಚ್ ಕೇಳಿಕೊಂಡು ಬರುವುದು ಬಹುತೇಕ ಬಿಗಿಯಲಿಕ್ಕಲ್ಲ, ಹಿಡಿ ಉದ್ದ ಇದೆ ಎಂದು ಜಾಮ್ ಆದ ನಟ್ಟು ಬಿಚ್ಚಲಿಕ್ಕೆ. ನೆಲಕ್ಕೆ ಬಿದ್ದ ಕ್ಲಿಕ್ ರೆಂಚ್ ಹೊರಗಿನಿಂದ ನೆಟ್ಟಗೇ ಕಾಣುತ್ತದೆ, ವಾಪಸ್ ಕೊಡುವವರು ಬೀಳಿಸಿದೆ ಎಂದು ಹೇಳುವುದೂ ಇಲ್ಲ. ಹಾಗಾಗಿ ಅಂಗಡಿಯಲ್ಲಿ ಒಂದು ಗಟ್ಟಿ ರಾಡು, ನಾಲ್ಕಡಿ ಪೈಪು ಬೇರೆಯೇ ಇಟ್ಟಿದ್ದೇನೆ. ಕೇಳಿದವರಿಗೆ ಅದನ್ನೇ ಕೊಟ್ಟು ಕಳಿಸುತ್ತೇನೆ, ಯಾರೂ ಬೇಸರ ಮಾಡಿಕೊಂಡಿಲ್ಲ.