ಮಿಂಚಂಚೆಯ ಮನೆ ಬದಲಾವಣೆ

ಹಳೆಯ ಮನೆಗಳ ಪಡಸಾಲೆಯ ಗೋಡೆಯಲ್ಲಿ ಒಂದು ಬಾಗಿದ ಕಬ್ಬಿಣದ ತಂತಿ ನೇತಾಡುತ್ತಿತ್ತು. ಅಂಚೆಯ ಪೇದೆ ತಂದುಕೊಟ್ಟ ಕಾಗದವನ್ನು ಓದಿ ಮುಗಿಸಿದ ಮೇಲೆ ಮನೆಯ ಹಿರಿಯರು ಅದನ್ನು ಆ ತಂತಿಯ ಚೂಪಾದ ತುದಿಗೆ ಚುಚ್ಚಿ ಕೆಳಕ್ಕೆ ಸರಿಸುತ್ತಿದ್ದರು. ಕಂದಾಯದ ರಸೀತಿ, ಮದುವೆಯ ಕರೆಯೋಲೆ, ತವರಿನಿಂದ ಬಂದ ಕಾರ್ಡು, ದೂರದ ಊರಿನಲ್ಲಿ ಓದುವ ಮಗನ ಇನ್‌ಲ್ಯಾಂಡ್ ಪತ್ರ, ಎಲ್ಲವೂ ಬಂದ ಕ್ರಮದಲ್ಲಿಯೇ ಒಂದರ ಮೇಲೊಂದು ಕೂಡಿಕೊಳ್ಳುತ್ತಿದ್ದವು. ಅಶುಭವಾರ್ತೆಯ ಕಾರ್ಡನ್ನು ಮಾತ್ರ ಓದಿದೊಡನೆ ಹರಿದುಹಾಕುವುದು ವಾಡಿಕೆ. ಸಂಸಾರವು ಬೇರೆ ಮನೆಗೆ ಹೋಗುವಾಗ ಯಜಮಾನರು ಎರಡು ಕೆಲಸಗಳನ್ನು ಮರೆಯದೆ ಮಾಡುತ್ತಿದ್ದರು. ತಂತಿಯನ್ನು ಕಾಗದಗಳ ಸಮೇತ ಟ್ರಂಕಿನೊಳಗೆ ಇಡುವುದು ಒಂದು; ಅಂಚೆ ಕಚೇರಿಗೆ ಹೋಗಿ ಹೊಸ ಮನೆಯ ವಿಳಾಸವನ್ನು ಬರೆದುಕೊಡುವುದು ಇನ್ನೊಂದು. ಮೊದಲನೆಯದು ಬಂದ ಕಾಗದಗಳಿಗಾಗಿ, ಎರಡನೆಯದು ಬರಲಿರುವ ಕಾಗದಗಳಿಗಾಗಿ.

ಕಾಗದವು ಕಂಪ್ಯೂಟರಿನ ಮೂಲಕ ಬರತೊಡಗಿದ ಮೇಲೂ ಈ ಎರಡು ಕೆಲಸಗಳು ತಪ್ಪಲಿಲ್ಲ. 1971ರಲ್ಲಿ ಅಮೆರಿಕದ ಕೇಂಬ್ರಿಜ್ ನಗರದಲ್ಲಿ ರೇ ಟಾಮ್ಲಿನ್‌ಸನ್ ಎಂಬ ಎಂಜಿನಿಯರು ಒಂದು ಯಂತ್ರದಿಂದ ಪಕ್ಕದಲ್ಲಿದ್ದ ಇನ್ನೊಂದು ಯಂತ್ರಕ್ಕೆ, ಜಾಲದ ಮೂಲಕ, ಪತ್ರವೊಂದನ್ನು ಕಳುಹಿಸಿದರು. ಪಡೆಯುವವನ ಹೆಸರಿಗೂ ಅವನ ಯಂತ್ರದ ಹೆಸರಿಗೂ ನಡುವೆ @ ಚಿಹ್ನೆಯನ್ನು ಇರಿಸಿದವರೂ ಅವರೇ. ಕನ್ನಡದಲ್ಲಿ ಇ-ಮೇಲ್ ಎಂದೂ ಮಿಂಚಂಚೆ ಎಂದೂ ಕರೆಯುವ ವ್ಯವಸ್ಥೆ ಹೀಗೆ ಬೆಳೆಯಿತು. ದೂರದಲ್ಲಿರುವ ಅಂಚೆಯ ಕಂಪ್ಯೂಟರಿಗೆ ಸರ್ವರ್ ಎಂದು ಹೆಸರು. ಅಲ್ಲಿಂದ ಪತ್ರಗಳನ್ನು ತಂದು, ಜೋಡಿಸಿ, ಓದಲು ಕೊಡುವ ಕೆಲಸವನ್ನು ಮನೆಯ ಕಂಪ್ಯೂಟರಿನಲ್ಲಿರುವ ಅಂಚೆ ತಂತ್ರಾಂಶವು ಮಾಡುತ್ತದೆ. ಅದು ಮನೆಯ ಆಳಿದ್ದಂತೆ.

ಆಳು ಮುದುಕನಾಗುವುದುಂಟು. 1988ರಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯದ ಸ್ಟೀವ್ ಡಾರ್ನರ್ ಎಂಬವರು ಅಂಥದೊಂದು ತಂತ್ರಾಂಶವನ್ನು ಬರೆದು ಅದಕ್ಕೆ 'ಯುಡೋರಾ' ಎಂದು ಹೆಸರಿಟ್ಟರು. ಅಂಚೆ ಕಚೇರಿಯಲ್ಲಿಯೇ ವಾಸಮಾಡತೊಡಗಿದ ಹೆಂಗಸಿನ ಕಥೆಯನ್ನು ಬರೆದ ಯುಡೋರಾ ವೆಲ್ಟಿ ಎಂಬ ಲೇಖಕಿಯ ಹೆಸರು ಅದು. ಅನೇಕರು ಮೆಚ್ಚಿ ಬಳಸಿದ ಆ ತಂತ್ರಾಂಶವನ್ನು ಮುಂದುವರಿಸುವುದಿಲ್ಲವೆಂದು ಅದರ ಒಡೆತನದ ಕಂಪನಿಯು 2006ರಲ್ಲಿ ಸಾರಿತು. ಮೈಕ್ರೋಸಾಫ್ಟ್ ಕಂಪನಿಯ ಔಟ್‌ಲುಕ್ ಎಕ್ಸ್‌ಪ್ರೆಸ್ ವಿಂಡೋಸ್ ಎಕ್ಸ್‌ಪಿಯೊಡನೆ ಕೊನೆಗೊಂಡಿತು. ಮುಂದೆ ಬಂದ ವಿಂಡೋಸ್ ಲೈವ್ ಮೇಲ್‌ಗೆ 2017ರ ಜನವರಿಯಲ್ಲಿ ಬೆಂಬಲ ನಿಂತಿತು. ಅನಂತರದ ವಿಂಡೋಸ್ ಮೇಲ್ 2024ರ ಡಿಸೆಂಬರಿನಲ್ಲಿ ಮುಗಿಯಿತು. ಪತ್ರದ ಆಯುಷ್ಯ ಪತ್ರ ತರುವವನ ಆಯುಷ್ಯಕ್ಕಿಂತ ದೊಡ್ಡದು. ಆದುದರಿಂದ ಮಿಂಚಂಚೆಯನ್ನು ಬಳಸುವವನಿಗೆ ಒಂದಲ್ಲ ಒಂದು ದಿನ ಮನೆ ಬದಲಾಯಿಸುವ ಪ್ರಸಂಗ ಬಂದೇ ಬರುತ್ತದೆ.

ಮಲೆನಾಡಿನ ಸಾಗರದಂಥ ಊರಿನ ಒಂದು ಮನೆಯನ್ನು ಇದಕ್ಕೆ ಉದಾಹರಣೆಯಾಗಿ ಊಹಿಸಿಕೊಳ್ಳಬಹುದು. ಮನೆಯ ಅಜ್ಜ ನಿವೃತ್ತ ಮುಖ್ಯೋಪಾಧ್ಯಾಯರು. ಅವರ ಹಿರಿಯ ಮಗ 2003ರಲ್ಲಿ ಓದಿಗಾಗಿ ಅಮೆರಿಕಕ್ಕೆ ಹೋದವನು ಅಲ್ಲಿಯೇ ನಿಂತ. ಮೊದಲ ಹತ್ತು ವರ್ಷ ಅವನು ವಾರಕ್ಕೊಂದು ಪತ್ರವನ್ನು ತಪ್ಪದೆ ಬರೆದ. ಮೊದಲು ಹಿಮ ಕಂಡ ದಿನ, ಅಲ್ಲಿ ಸಿಕ್ಕದ ಅಪ್ಪೆಮಿಡಿಯ ನೆನಪು, ಮಗು ಹುಟ್ಟಿದ ಸುದ್ದಿ, ಎಲ್ಲವೂ ಆ ಪತ್ರಗಳಲ್ಲಿವೆ. ಅವನ್ನು ತಂದುಕೊಡುತ್ತಿದ್ದುದು ಎಕ್ಸ್‌ಪಿ ಕಂಪ್ಯೂಟರಿನ ಔಟ್‌ಲುಕ್ ಎಕ್ಸ್‌ಪ್ರೆಸ್. ಕ್ರಮೇಣ ಅದು ಹೊಸ ಪತ್ರಗಳನ್ನು ತರುವುದನ್ನು ನಿಲ್ಲಿಸಿತು. ಸರ್ವರ್ ಈಗ ಹೊಸ ಬಗೆಯ ಗೂಢಲಿಪಿಯಲ್ಲಿ ಮಾತನಾಡುತ್ತದೆ; ಹಳೆಯ ತಂತ್ರಾಂಶಕ್ಕೆ ಆ ಭಾಷೆ ತಿಳಿಯದು. ಮನೆಗೆ ಹೊಸ ಕಂಪ್ಯೂಟರು ಬಂತು. ಹಳೆಯದನ್ನು ಗುಜರಿಯವನಿಗೆ ಕೊಡುವುದೆಂದು ತೀರ್ಮಾನವಾಯಿತು. ಹೊಸದರಲ್ಲಿ ಥಂಡರ್‌ಬರ್ಡ್ ಎಂಬ ತಂತ್ರಾಂಶವನ್ನು ಅಳವಡಿಸುವ ಕೆಲಸ ಒಂಬತ್ತನೆಯ ತರಗತಿಯಲ್ಲಿ ಓದುವ ಮೊಮ್ಮಗಳ ಪಾಲಿಗೆ ಬಂದಿತು.

"ವಿಳಾಸ ಅದೇ, ಪಾಸ್‌ವರ್ಡ್ ಅದೇ. ಪತ್ರಗಳೆಲ್ಲ ತಾವಾಗಿ ಬರುತ್ತವೆ, ಅಜ್ಜ" ಎಂದು ಅವಳು ಭರವಸೆ ಕೊಟ್ಟಳು. ಹೊಸ ತಂತ್ರಾಂಶವು ತೆರೆದುಕೊಂಡಿತು. ಈಚಿನ ಪತ್ರಗಳಷ್ಟೇ ಕಾಣಿಸಿದವು. ಮಗನ ಪತ್ರ ಒಂದೂ ಇರಲಿಲ್ಲ.

ಹುಡುಗಿಯ ಮಾತು ಪೂರ್ತಿ ತಪ್ಪಲ್ಲ. ಅಂಚೆ ತರುವ ಕ್ರಮಗಳು ಎರಡು. 1984ರಲ್ಲಿ ರೂಪುಗೊಂಡ 'ಪಾಪ್' ಎಂಬ ಕ್ರಮದಲ್ಲಿ ತಂತ್ರಾಂಶವು ಅಂಚೆ ಕಚೇರಿಗೆ ಹೋಗಿ ತನ್ನ ಚೀಲದಲ್ಲಿ ಪತ್ರಗಳನ್ನು ತುಂಬಿಕೊಂಡು ಮನೆಗೆ ಬರುತ್ತದೆ. ಒಂದು ಪ್ರತಿಯನ್ನು ಅಲ್ಲಿಯೇ ಉಳಿಸೆಂದು ಹೇಳದಿದ್ದರೆ ಅಲ್ಲಿ ಏನೂ ಉಳಿಯುವುದಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಮಾರ್ಕ್ ಕ್ರಿಸ್ಪಿನ್ 1986ರಲ್ಲಿ ರೂಪಿಸಿದ 'ಐಮ್ಯಾಪ್' ಕ್ರಮದಲ್ಲಿ ಪತ್ರಗಳ ಮೂಲವು ಸರ್ವರಿನಲ್ಲಿಯೇ ಇರುತ್ತದೆ. ಮನೆಯಲ್ಲಿ ಕಾಣುವುದು ಅದರ ಪ್ರತಿಬಿಂಬ. ಐಮ್ಯಾಪ್ ಬಳಸುವವನು ಹೊಸ ತಂತ್ರಾಂಶಕ್ಕೆ ಹೋದರೆ ಪತ್ರಗಳು ನಿಜವಾಗಿಯೂ ತಾವಾಗಿ ಬರುತ್ತವೆ. ಅದರ ಅಪಾಯ ಬೇರೆ ಬಗೆಯದು. ಮನೆಯ ಪ್ರತಿಬಿಂಬದಲ್ಲಿ ಅಳಿಸಿದ ಪತ್ರವು ಮೂಲದಲ್ಲಿಯೂ ಅಳಿಯುತ್ತದೆ. "ಪತ್ರಗಳು ನನ್ನ ಕಂಪ್ಯೂಟರಿನಲ್ಲಿಯೇ ಇವೆಯಲ್ಲ" ಎಂದುಕೊಂಡು ಸರ್ವರಿನ ಖಾತೆಯನ್ನು ಮುಚ್ಚಿಸಿ ಕೈಚೆಲ್ಲಿ ಕುಳಿತವರು ಉಂಟು. ಪತ್ರಗಳು ವಾಸ್ತವವಾಗಿ ಎಲ್ಲಿವೆ ಎಂಬ ಪ್ರಶ್ನೆಗೆ ಉತ್ತರ ತಿಳಿಯದೆ ಮನೆ ಖಾಲಿ ಮಾಡಲು ಹೊರಡುವುದು ಅವಿವೇಕ.

ಅಜ್ಜನ ಪತ್ರಗಳು ಪಾಪ್ ಕ್ರಮದಲ್ಲಿ ಬಂದವು. ಲೋಕದಲ್ಲಿ ಅವುಗಳಿದ್ದ ಒಂದೇ ಸ್ಥಳವೆಂದರೆ ಗುಜರಿಗೆ ಹೊರಟಿದ್ದ ಆ ಪೆಟ್ಟಿಗೆ. 'ಮೈ ಡಾಕ್ಯುಮೆಂಟ್ಸ್' ಎಂಬ ಕಡತಕೋಶವನ್ನು ಮೊದಲೇ ಪೆನ್‌ಡ್ರೈವಿಗೆ ಇಳಿಸಿಕೊಂಡಾಗಿತ್ತು, ಅದರಲ್ಲಿ ಪತ್ರಗಳಿರಲಿಲ್ಲ. ಔಟ್‌ಲುಕ್ ಎಕ್ಸ್‌ಪ್ರೆಸ್ ತನ್ನ ಪತ್ರಗಳನ್ನು ಕಣ್ಣಿಗೆ ಬೀಳದಂತೆ ಮರೆಮಾಡಿದ ಒಂದು ಕೋಶದೊಳಗೆ, ಉದ್ದವಾದ ಅಂಕಿ ಅಕ್ಷರಗಳ ಹೆಸರಿನ ಇನ್ನೊಂದು ಕೋಶದಲ್ಲಿ ಇಟ್ಟಿರುತ್ತದೆ. ಬಳಸುವವರು ಕೈತಪ್ಪಿ ಕೆಡಿಸದಿರಲೆಂದು ಮಾಡಿದ ಏರ್ಪಾಡಿರಬಹುದು. ಮನೆಯೊಡೆಯನಿಗೇ ಕಾಣದ ನೆಲಮಾಳಿಗೆಯಲ್ಲಿ ಅವನ ಆಸ್ತಿಪತ್ರವನ್ನು ಇಟ್ಟಂತೆ ಆಯಿತು, ಅಷ್ಟೆ.

ಸ್ಥಳ ತಿಳಿದ ಮೇಲೆ ರೂಪದ ಪ್ರಶ್ನೆ ಏಳುತ್ತದೆ. ಅಲ್ಲಿದ್ದುದು 'ಡಿ.ಬಿ.ಎಕ್ಸ್.' ಎಂಬ ಜಾತಿಯ ಕಡತಗಳು. ಇವು ಆ ತಂತ್ರಾಂಶದ ಸ್ವಂತ ಲೆಕ್ಕದ ಪುಸ್ತಕಗಳು; ಹಾಗೆಯೇ ಕೊಂಡೊಯ್ದು ಹೊಸ ತಂತ್ರಾಂಶದ ಮುಂದಿಟ್ಟರೆ ಅದಕ್ಕೆ ಅರ್ಥವಾಗುವುದಿಲ್ಲ. ಯುನಿಕ್ಸ್ ಯಂತ್ರಗಳ ಕಾಲದಿಂದ ಬಂದ 'ಎಂಬಾಕ್ಸ್' ಎಂಬ ರೂಪ ಇದಕ್ಕಿಂತ ಸರಳ. ಅದು ಪಡಸಾಲೆಯ ಆ ಹಳೆಯ ತಂತಿಯೇ ಸರಿ. ಒಂದು ಉದ್ದನೆಯ ಕಡತದಲ್ಲಿ ಪತ್ರಗಳು ಒಂದರ ಹಿಂದೊಂದು ಪೋಣಿಸಿಕೊಂಡಿರುತ್ತವೆ. 'ಫ್ರಮ್' ಎಂಬ ಪದ ಸಾಲಿನ ಮೊದಲಿಗೆ ಬಂದರೆ ಅಲ್ಲಿಂದ ಹೊಸ ಪತ್ರ ಆರಂಭವೆಂದು ಲೆಕ್ಕ. ಪತ್ರ ಬರೆದವನೇ ಯಾವುದಾದರೂ ವಾಕ್ಯವನ್ನು ಆ ಇಂಗ್ಲಿಷ್ ಪದದಿಂದ ಆರಂಭಿಸಿದರೆ? ಅದನ್ನು ಹೊಸ ಪತ್ರವೆಂದು ಭ್ರಮಿಸಬಾರದೆಂದು ಅನೇಕ ತಂತ್ರಾಂಶಗಳು ಆ ಪದದ ಹಿಂದೆ ಬಾಣದ ತಲೆಯಂಥ ಗುರುತೊಂದನ್ನು ಅಂಟಿಸುತ್ತವೆ. ಹಳೆಯ ಪತ್ರಗಳಲ್ಲಿ ಕಾರಣವಿಲ್ಲದೆ ಕಾಣುವ ಆ ಗುರುತಿನ ರಹಸ್ಯ ಇದು. ಥಂಡರ್‌ಬರ್ಡ್ ಸಾಮಾನ್ಯವಾಗಿ ಎಂಬಾಕ್ಸ್ ರೂಪವನ್ನೇ ಬಳಸುತ್ತದೆ. ಅದರಲ್ಲಿ ಒಂದು ಪತ್ರವನ್ನು ಅಳಿಸಿದಾಗ ಪತ್ರದ ಮೇಲೆ 'ಅಳಿಸಿದೆ' ಎಂಬ ಗುರುತು ಬೀಳುವುದೇ ಹೊರತು ಪತ್ರವು ಆ ಕ್ಷಣವೇ ಕಡತದಿಂದ ಹೋಗುವುದಿಲ್ಲ. ಕಡತವನ್ನು ಅಡಕಗೊಳಿಸಿದಾಗಲೇ ಹೋಗುತ್ತದೆ. ಗುರುತನ್ನು ಅರಿಯದ ಬೇರೊಂದು ತಂತ್ರಾಂಶಕ್ಕೆ ಆ ಕಡತವನ್ನು ಕೊಟ್ಟರೆ ಸತ್ತ ಪತ್ರಗಳೂ ಎದ್ದುಬರಬಹುದು.

ಎರಡು ತಂತ್ರಾಂಶಗಳ ನಡುವೆ ದುಭಾಷಿಯಂತೆ ನಿಲ್ಲುವ ರೂಪ 'ಇ.ಎಂ.ಎಲ್.' ಎಂಬುದು. ಇದರಲ್ಲಿ ಒಂದು ಪತ್ರಕ್ಕೆ ಒಂದು ಕಡತ. ಮೇಲೆ ಕಳುಹಿಸಿದವರ ಹೆಸರು, ಪಡೆದವರ ಹೆಸರು, ದಿನಾಂಕ, ವಿಷಯ. ನಡುವೆ ಒಂದು ಖಾಲಿ ಸಾಲು. ಕೆಳಗೆ ಪತ್ರದ ಒಡಲು ಮತ್ತು ಅದಕ್ಕೆ ಲಗತ್ತಿಸಿದ ಚಿತ್ರಗಳು. ಔಟ್‌ಲುಕ್ ಎಕ್ಸ್‌ಪ್ರೆಸ್ಸಿನಲ್ಲಿ ಪತ್ರಗಳನ್ನು ಒಟ್ಟಿಗೆ ಆರಿಸಿ ಒಂದು ಖಾಲಿ ಕೋಶದೊಳಕ್ಕೆ ಎಳೆದು ಬಿಟ್ಟರೆ ಅವು ಈ ರೂಪ ತಾಳುತ್ತವೆ. ಆ ಕೋಶವನ್ನು ಹೊಸ ಯಂತ್ರಕ್ಕೆ ಕೊಂಡೊಯ್ದು, ಥಂಡರ್‌ಬರ್ಡಿನ ಸ್ಥಳೀಯ ಕೋಶಗಳಲ್ಲಿ ಅದೇ ಹೆಸರಿನದೊಂದನ್ನು ತೆರೆದು, ಕಡತಗಳನ್ನು ಅದರೊಳಕ್ಕೆ ಎಳೆದುಬಿಡಬಹುದು. ಅಜ್ಜ ಮತ್ತು ಮೊಮ್ಮಗಳು ಹೀಗೆಯೇ ಮಾಡಿದರು. ಹಳೆಯ ಯಂತ್ರದಿಂದ ಒಂದನ್ನೂ ಅಳಿಸಲಿಲ್ಲ. ನಕಲು ಮಾಡಿದರು, ಸಾಗಿಸಲಿಲ್ಲ. ಇಂಥ ಕೆಲಸದಲ್ಲಿ ಈ ಎರಡು ಕ್ರಿಯಾಪದಗಳಿಗಿರುವ ಅಂತರವನ್ನು ಮರೆತವರೇ ಹೆಚ್ಚಾಗಿ ಪಶ್ಚಾತ್ತಾಪ ಪಡುತ್ತಾರೆ. ಯುಡೋರಾ ಬಳಸಿದವರಿಗೆ ಇನ್ನೊಂದು ತೊಡಕು ಕಾದಿತ್ತು: ಅದು ಲಗತ್ತುಗಳನ್ನು ಪತ್ರದಿಂದ ಕಿತ್ತು ಬೇರೆ ಕೋಶದಲ್ಲಿ ಇಡುತ್ತಿತ್ತು. ಪತ್ರಗಳನ್ನು ಮಾತ್ರ ಕೊಂಡೊಯ್ದವರಿಗೆ "ಮಗುವಿನ ಚಿತ್ರ ಕಳುಹಿಸಿದ್ದೇನೆ" ಎಂಬ ಮಾತು ದೊರೆಯಿತು, ಚಿತ್ರ ದೊರೆಯಲಿಲ್ಲ.

ಮಗನ ಮೊದಲ ವರ್ಷದ ಪತ್ರಗಳು ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದವು. ಅವು ಹೊಸ ಯಂತ್ರದಲ್ಲಿ ಸರಿಯಾಗಿ ತೆರೆದುಕೊಂಡವು. ಮುಂದಿನ ಕೆಲವು ಪತ್ರಗಳನ್ನು ತೆರೆದಾಗ ಮಾತ್ರ ಅರ್ಥವಿಲ್ಲದ ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಾಲು ಕಂಡಿತು. ಅಜ್ಜ ಕನ್ನಡಕವನ್ನು ಒರೆಸಿಕೊಂಡು ನೋಡಿ, "ಅಕ್ಷರವೇನೋ ಬಂದಿದೆ ಮಗಳೆ, ಮಾತು ಬರಲಿಲ್ಲವಲ್ಲ" ಎಂದರು.

ಇದು ತಂತ್ರಾಂಶದ ದೋಷವಲ್ಲ. ಲೋಕದ ಲಿಪಿಗಳಿಗೆಲ್ಲ ಪ್ರತ್ಯೇಕ ಸಂಖ್ಯೆಗಳನ್ನು ನೀಡುವ ಯುನಿಕೋಡ್ ವ್ಯವಸ್ಥೆಯಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ಸಿಕ್ಕಿದ್ದರೂ ಅದು ಮನೆಮನೆಯ ಕಂಪ್ಯೂಟರಿಗೆ ಬರಲು ಬಹುಕಾಲ ಹಿಡಿಯಿತು. ಅಲ್ಲಿಯವರೆಗೆ 'ಬರಹ', 'ನುಡಿ' ಮುಂತಾದ ತಂತ್ರಾಂಶಗಳು ಕನ್ನಡಿಗರ ಕೈಹಿಡಿದವು. ಆ ಕಾಲದ ಅಕ್ಷರವಿನ್ಯಾಸಗಳಲ್ಲಿ ರೋಮನ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಮೇಲೆ ಕನ್ನಡದ ಆಕಾರಗಳನ್ನು ಕೂರಿಸಿರುತ್ತಿದ್ದರು. ಆ ವಿನ್ಯಾಸ ಇರುವ ಯಂತ್ರದಲ್ಲಿ ಅದು ಕನ್ನಡ. ಇಲ್ಲದ ಯಂತ್ರದಲ್ಲಿ ಬರೀ ಗೋಜಲು. ಹೀಗೆ ಸ್ಥಳಾಂತರದ ಗಂಟಿನಲ್ಲಿ ಪತ್ರಗಳ ಜೊತೆಗೆ ಅಕ್ಷರವಿನ್ಯಾಸವನ್ನೂ ಕಟ್ಟಿಕೊಳ್ಳಬೇಕಾಯಿತು. ಹಳೆಯ ಯಂತ್ರದಿಂದ ಆ ವಿನ್ಯಾಸದ ಕಡತವನ್ನು ತಂದು ಅಳವಡಿಸಿದೊಡನೆ ಗೋಜಲು ಕರಗಿ ಮಗನ ಮಾತು ಕಾಣಿಸಿತು. ಮುಖ್ಯವಾದ ಪತ್ರಗಳನ್ನು ಯುನಿಕೋಡ್‌ಗೆ ಪರಿವರ್ತಿಸಿ ಬೇರೆ ಪ್ರತಿ ಮಾಡಿಟ್ಟರು. ಮೂಲಪತ್ರಗಳನ್ನು ತಿದ್ದಲಿಲ್ಲ. ಓಲೆಗರಿಯ ಪ್ರತಿಮಾಡುವವರು ಮೂಲವನ್ನು ಕೆರೆಯುತ್ತಿರಲಿಲ್ಲ ಎಂಬುದು ಮುಖ್ಯೋಪಾಧ್ಯಾಯರಿಗೆ ಗೊತ್ತಿತ್ತು.

ಇನ್ನು ಬರಲಿರುವ ಪತ್ರಗಳ ಮಾತು. ವಿಳಾಸ ಬದಲಾಗದಿದ್ದರೂ ಹೊಸ ಆಳಿಗೆ ಅಂಚೆ ಕಚೇರಿಯ ದಾರಿಯನ್ನು ತೋರಿಸಬೇಕು. ಪತ್ರ ತರುವ ಸರ್ವರಿನ ಹೆಸರು, ಪತ್ರ ಕಳುಹಿಸುವ ಸರ್ವರಿನ ಹೆಸರು, ಬಾಗಿಲ ಸಂಖ್ಯೆ, ಗೂಢಲಿಪಿಯ ಬಗೆ, ಖಾತೆಯ ಹೆಸರು, ಇಷ್ಟೇ ಖಾತೆಯ ವಿವರ. ಗೂಢಲಿಪಿಯೊಡನೆ ಐಮ್ಯಾಪ್ ಬಳಸಿದರೆ ಬಾಗಿಲ ಸಂಖ್ಯೆ 993, ಪಾಪ್ ಬಳಸಿದರೆ 995. ಕಳುಹಿಸಲು 587 ಅಥವಾ 465. ಹೆಸರು ಮತ್ತು ವಿಳಾಸವನ್ನು ಕೊಟ್ಟರೆ ಉಳಿದುದನ್ನು ಥಂಡರ್‌ಬರ್ಡ್ ಅನೇಕ ವೇಳೆ ತಾನೇ ಹುಡುಕಿಕೊಳ್ಳುತ್ತದೆ. ಹಳೆಯ ತಂತ್ರಾಂಶವು ಚುಕ್ಕೆಗಳ ಹಿಂದೆ ಅಡಗಿಸಿಟ್ಟ ಪಾಸ್‌ವರ್ಡ್ ಮಾತ್ರ ಜೊತೆಗೆ ಬರುವುದಿಲ್ಲ. ಅದು ಬಳಸುವವನ ನೆನಪಿನಲ್ಲಿಯೋ ಪುಸ್ತಕದಲ್ಲಿಯೋ ಇರಬೇಕು. ಕೆಲವೆಡೆ ಬರಿಯ ಪಾಸ್‌ವರ್ಡೂ ಸಾಲದು. ಗೂಗಲ್ 2022ರ ಮೇ ತಿಂಗಳಿನಿಂದ ಸಾಮಾನ್ಯ ಖಾತೆಗಳಲ್ಲಿ ಆ ಹಳೆಯ ಪದ್ಧತಿಯನ್ನು ನಿಲ್ಲಿಸಿ, ತನ್ನದೇ ಪುಟದಲ್ಲಿ ಅನುಮತಿ ಕೊಡುವಂತೆ ಬಳಕೆದಾರರನ್ನು ಕೇಳತೊಡಗಿತು. ಪತ್ರಗಳನ್ನು ವಿಂಗಡಿಸಲು ಹಾಕಿದ್ದ ನಿಯಮಗಳನ್ನೂ ಪತ್ರದ ಕೊನೆಗೆ ಬೀಳುವ ಸಹಿಯನ್ನೂ ಅಜ್ಜ ಹೊಸದಾಗಿಯೇ ಬರೆಯಬೇಕಾಯಿತು. ವಿಳಾಸಪುಸ್ತಕ ಅಲ್ಪವಿರಾಮಗಳಿಂದ ಬೇರ್ಪಟ್ಟ ಪಟ್ಟಿಯಾಗಿ ಸುಖವಾಗಿ ಬಂದು ಸೇರಿತು.

ಕೊನೆಗೆ ಎಣಿಕೆ. ಒಂದೊಂದು ಕೋಶದಲ್ಲಿಯೂ ಹಳೆಯ ಯಂತ್ರ ತೋರಿಸಿದ ಪತ್ರಗಳ ಸಂಖ್ಯೆಯನ್ನು ಮೊಮ್ಮಗಳು ಗಟ್ಟಿಯಾಗಿ ಓದಿದಳು. ಅಜ್ಜ ಹೊಸದರ ಸಂಖ್ಯೆಯನ್ನು ನೋಡಿ ಹಾಜರಿ ಪುಸ್ತಕದಲ್ಲಿ ಗುರುತು ಹಾಕುವಂತೆ ಗೆರೆ ಎಳೆದರು. 'ಕಳುಹಿಸಿದವು' ಎಂಬ ಕೋಶ ಹೊಸದರಲ್ಲಿ ಇರಲೇ ಇಲ್ಲ. ಮಗನ ಪತ್ರಗಳ ಚಿಂತೆಯಲ್ಲಿ ತಮ್ಮ ಉತ್ತರಗಳನ್ನು ಇಬ್ಬರೂ ಮರೆತಿದ್ದರು! ಮತ್ತೆ ಹಳೆಯ ಯಂತ್ರ, ಮತ್ತೆ ಪೆನ್‌ಡ್ರೈವು. ಸಂಜೆಯ ವೇಳೆಗೆ ಲೆಕ್ಕ ಸರಿಹೋಯಿತು. ಅನಂತರ ಅಜ್ಜ ಹೊಸ ತಂತ್ರಾಂಶದಿಂದ ತಮ್ಮ ವಿಳಾಸಕ್ಕೆ ತಾವೇ ಎರಡು ಸಾಲು ಬರೆದು ಕಳುಹಿಸಿದರು. ನಿಮಿಷ ಕಳೆಯುವುದರೊಳಗೆ ಅದು ಬಂದು ಬಿದ್ದಿತು. ಗುಜರಿಯವನು ಮರುದಿನ ಬಂದಾಗ ಅವನಿಗೆ ಒಡೆದ ಬಕೆಟ್ಟು, ಹಳೆಯ ಪತ್ರಿಕೆಗಳು ಸಿಕ್ಕಿದವು. ಕಂಪ್ಯೂಟರಿಗೆ ಅಜ್ಜಿ ಹಳೆಯ ಪಂಚೆಯೊಂದನ್ನು ಹೊದಿಸಿ, ದೀಪಾವಳಿ ಕಳೆಯುವವರೆಗೆ ಅದು ಅಟ್ಟದ ಮೇಲಿರಲಿ ಎಂದರು.