ಮಾತು ವೈಫೈಗೆ, ನಂಬರು ಒಟಿಪಿಗೆ

ಕುಷ್ಟಗಿ, ಯಲಬುರ್ಗಾ ಕಡೆಯ ಮಂದಿಗೆ ರೋಮಿಂಗ್ ಎಂದರೇನು ಎಂದು ಯಾವ ಕಂಪನಿಯವರೂ ಕಲಿಸಬೇಕಾಗಿರಲಿಲ್ಲ. ಗೋವಾ ಕಲಿಸಿತ್ತು. ಮಳೆ ಕೈಕೊಟ್ಟ ವರ್ಷ ಗುಳೆ ಹೊರಟವರ ಬಸ್ಸು ಘಟ್ಟ ಇಳಿಯುತ್ತಿದ್ದಂತೆ ಫೋನಿಗೊಂದು ಸ್ವಾಗತದ ಮೆಸೇಜು ಬರುತ್ತಿತ್ತು. ಅಲ್ಲಿಂದ ಮುಂದೆ ಊರಿನವರ ಕರೆ ಎತ್ತಿದರೂ ದುಡ್ಡು. ಟೆಲಿಕಾಂ ನಕ್ಷೆಯಲ್ಲಿ ನಮ್ಮದು ಕರ್ನಾಟಕ ಸರ್ಕಲ್, ಗೋವಾ ಮಹಾರಾಷ್ಟ್ರದ ಸರ್ಕಲ್ಲಿಗೆ ಸೇರಿದ್ದು. ಕಟ್ಟಡದ ಕೆಲಸಕ್ಕೆ ಹೋದವನಿಗೆ ಈ ನಕ್ಷೆ ಕಟ್ಟಿಕೊಂಡು ಏನಾಗಬೇಕು? ಆದರೆ ಕರೆನ್ಸಿ ಕರಗುವುದು ಕಣ್ಣಿಗೆ ಕಾಣುತ್ತಿತ್ತು.

ಎಷ್ಟು ಕರಗುತ್ತಿತ್ತು ಎಂದು ಒಮ್ಮೆ ಲೆಕ್ಕ ಹಾಕಿ ನೋಡಿದ್ದೇನೆ. 2007ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಹಾಕಿದ ಮಿತಿಯ ಪ್ರಕಾರ ರೋಮಿಂಗ್‌ನಲ್ಲಿ ಬರುವ ಕರೆಗೆ ನಿಮಿಷಕ್ಕೆ 1.75 ರೂಪಾಯಿವರೆಗೆ ಹಿಡಿಯಬಹುದಿತ್ತು. ಹತ್ತು ನಿಮಿಷ ಅವ್ವನ ಮಾತು ಕೇಳಿದರೆ ಹದಿನೇಳೂವರೆ ರೂಪಾಯಿ. 2012ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 155 ರೂಪಾಯಿ ಇತ್ತು. ಅಂದರೆ ದಿನದ ಕೂಲಿಯ ಒಂಬತ್ತನೇ ಒಂದು ಪಾಲು ಬರೀ ಕೇಳಿಸಿಕೊಂಡಿದ್ದಕ್ಕೆ ಹೋಗುತ್ತಿತ್ತು. ಈ ಮಿತಿ 2013ರ ಜುಲೈನಲ್ಲಿ 75 ಪೈಸೆಗೆ, 2015ರ ಮೇ ತಿಂಗಳಲ್ಲಿ 45 ಪೈಸೆಗೆ ಇಳಿಯಿತು. ಇಳಿದರೂ ಮಂದಿಯ ಬಾಯಲ್ಲಿ ಆ ಮಾತು ಹಾಗೇ ಉಳಿದಿತ್ತು: “ರೋಮಿಂಗ್ ಬೀಳ್ತೈತಿ, ಲಗೂನ ಹೇಳಿ ಇಡ್ರಿ.” ಒಂದು ರಿಂಗಾದರೆ ಸುಖವಾಗಿ ಮುಟ್ಟಿದ್ದೇವೆ, ಎರಡಾದರೆ ದುಡ್ಡು ಕಳಿಸಿದ್ದೇವೆ ಎಂದು ಮನೆಮನೆಗೂ ಒಂದು ಮಿಸ್ಡ್ ಕಾಲ್ ಒಪ್ಪಂದ. ಸ್ವಲ್ಪ ಗಟ್ಟಿಯಾಗಿ ನೆಲೆನಿಂತವರು ಗೋವಾ ಸಿಮ್ಮನ್ನೇ ಕೊಂಡು, ಊರಿನ ಸಿಮ್ಮನ್ನು ಪಾಕೀಟಿನ ಮೂಲೆಗೆ ತುರುಕುತ್ತಿದ್ದರು. ಅದು ಕಳೆದರೂ ಯಾರೂ ಚಿಂತೆ ಮಾಡುತ್ತಿರಲಿಲ್ಲ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

2015ರ ಜೂನ್‌ನಲ್ಲಿ ಬಿಎಸ್‌ಎನ್‌ಎಲ್ ದೇಶದೊಳಗಿನ ರೋಮಿಂಗ್‌ನಲ್ಲಿ ಬರುವ ಕರೆಯನ್ನು ಉಚಿತ ಮಾಡಿತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದದ್ದೇ ರೋಮಿಂಗ್ ಶುಲ್ಕವಿಲ್ಲ ಎನ್ನುತ್ತಾ. 2017ರ ಏಪ್ರಿಲ್ 1ರಿಂದ ಏರ್‌ಟೆಲ್ ಕೂಡ ಕೈಬಿಟ್ಟಿತು, ಉಳಿದವರೂ ಬಾಗಿದರು. ಯುರೋಪಿನ ಒಕ್ಕೂಟ ತನ್ನ ದೇಶಗಳ ನಡುವಿನ ರೋಮಿಂಗ್ ಶುಲ್ಕವನ್ನು ತೆಗೆದುಹಾಕಿದ್ದು ಅದೇ ವರ್ಷದ ಜೂನ್ 15ರಂದು. ಅಷ್ಟರ ಮಟ್ಟಿಗೆ ನಮ್ಮ ಗೋವಾ ಕೂಲಿಕಾರರು ಯುರೋಪಿನವರಿಗಿಂತ ಎರಡು ತಿಂಗಳು ಮುಂದೆ.

ಆಮೇಲೆ ಆ ಶಬ್ದವನ್ನು ನಾನು ಮತ್ತೆ ಕೇಳಿದ್ದು ಮಗಳ ಬಾಯಲ್ಲಿ. ಅವಳ ಬಾಣಂತನಕ್ಕೆ ನಾನು, ನನ್ನ ಹೆಂಡತಿ ಜರ್ಮನಿಗೆ ಹೊರಟಾಗ, ಸ್ವೆಟರು, ಶೇಂಗಾ ಹಿಂಡಿ, ಔಷಧದ ಚೀಟಿ ಎಲ್ಲದರ ಪಟ್ಟಿ ಹೇಳಿ ಮುಗಿಸಿ ಕೊನೆಗೆ ಅಂದಳು: “ಅಪ್ಪಾ, ಡೇಟಾ ರೋಮಿಂಗ್ ಬಂದ್ ಮಾಡ್ಕೊಂಡು ಬಾ. ಮನ್ಯಾಗ ವೈಫೈ ಐತಿ.”

ಬರೀ ವೈಫೈ ಮೇಲೆ ದೇಶ ಸುತ್ತುವವರನ್ನು ನಾನು ಮೊದಲು ನೋಡಿದ್ದು ನಮ್ಮ ಗಂಗಾವತಿ ತಾಲ್ಲೂಕಿನಲ್ಲೇ. ಹಂಪಿಯ ಎದುರು ದಂಡೆಯ ವಿರೂಪಾಪುರಗಡ್ಡೆಯಲ್ಲಿ ವಿದೇಶಿಯರು ರೂಮಿನ ಬಾಡಿಗೆಗಿಂತ ಮೊದಲು ವೈಫೈ ಕೇಳುತ್ತಿದ್ದರು. ಸಿಕ್ಕಿತೆಂದರೆ ಅಂಗಳದಲ್ಲಿ ಕೂತು ಮನೆಗೆ ಮಾತಾಡಿ, ಮರುದಿನದ ದಾರಿಯ ನಕ್ಷೆಯನ್ನು ಫೋನಿಗೆ ಇಳಿಸಿಕೊಂಡು, ಆಮೇಲೆ ಸಣಾಪುರದ ಕೆರೆಗೋ ಅಂಜನಾದ್ರಿಗೋ ಹೊರಡುವರು. ಹೊರಗೆ ಬಿದ್ದ ಮೇಲೆ ಆ ಫೋನು ಬರೀ ಕ್ಯಾಮೆರಾ. ಇಷ್ಟು ದೂರ ವಿಮಾನ ಹತ್ತಿ ಬಂದವರು ಫೋನಿನ ವಿಷಯದಲ್ಲಿ ಇಷ್ಟು ಜಿಪುಣರೇ ಎಂದು ನಮ್ಮವರು ನಗುತ್ತಿದ್ದರು. ಸುಪ್ರೀಂ ಕೋರ್ಟಿನ ತೀರ್ಪಿನ ನಂತರ 2020ರಲ್ಲಿ ಗಡ್ಡೆಯ ರೆಸಾರ್ಟುಗಳು ನೆಲಸಮವಾದವು. ಆದರೆ ಆ ಲೆಕ್ಕಾಚಾರ ನನ್ನ ತಲೆಯಲ್ಲಿ ಉಳಿದಿತ್ತು. ಅದರಲ್ಲಿ ಜಿಪುಣತನವೇನೂ ಇರಲಿಲ್ಲ.

ಏಕೆಂದರೆ ವಿದೇಶದ ರೋಮಿಂಗ್ ನಡೆಯುವ ರೀತಿಯೇ ಬೇರೆ. ಕೊಪ್ಪಳದಲ್ಲಿ ಕೂತವನು ನಿಮ್ಮ ನಂಬರು ಒತ್ತಿದರೆ ಕರೆ ಮೊದಲು ಬರುವುದು ನಿಮ್ಮ ಕಂಪನಿಗೆ, ಇಲ್ಲೇ ಭಾರತದಲ್ಲಿ. ಅಲ್ಲಿಂದ ಅದನ್ನು ಜರ್ಮನಿಯ ಕಂಪನಿಯೊಂದರ ಕೈಗೆ ದಾಟಿಸಬೇಕು, ಆ ಕಂಪನಿಗೆ ಬಾಡಿಗೆ ಕೊಡಬೇಕು. ಈ ಎರಡನೇ ಹೆಜ್ಜೆಯ ಖರ್ಚು ನಿಮ್ಮದು. ಕರೆ ಮಾಡಿದವನ ಪಾಲಿಗೆ ನೀವು ಇನ್ನೂ ಕೊಪ್ಪಳದ ಜವಾಹರ ರಸ್ತೆಯಲ್ಲೇ ಇದ್ದೀರಿ, ಅವನಿಗೇನೂ ಹೆಚ್ಚು ಬೀಳುವುದಿಲ್ಲ. ಹಾಗಾಗಿ ಅವನು ಆರಾಮಾಗಿ ಮಾತಾಡುತ್ತಾನೆ. ಸಾಲ ಬೇಕಾ ಎಂದು ಕೇಳುವ ಹುಡುಗಿಯ ಕರೆ ಎತ್ತಿದರೂ ದುಡ್ಡು ನಿಮ್ಮದೇ. ಎತ್ತದೆ ಬಿಟ್ಟ ಕರೆ ಬೇರೆ ನಂಬರಿಗೆ ತಿರುಗುವಂತೆ ಸೆಟ್ಟಿಂಗ್ ಇದ್ದರಂತೂ ಆ ಕರೆ ಜರ್ಮನಿಗೆ ಹೋಗಿ ಮತ್ತೆ ಭಾರತಕ್ಕೆ ಮರಳುತ್ತದೆ, ಹೋದದ್ದಕ್ಕೂ ಬಂದದ್ದಕ್ಕೂ ಲೆಕ್ಕ ಬೀಳಬಹುದು. ಹೊರಡುವ ಮೊದಲು ##002# ಒತ್ತಿದರೆ ಈ ತಿರುಗುವ ಏರ್ಪಾಟೆಲ್ಲ ರದ್ದಾಗುತ್ತದೆ. ಇದನ್ನು ಮಾತ್ರ ಊರಲ್ಲಿದ್ದಾಗಲೇ ಮಾಡಿ.

ಕಂಪನಿಗಳು ರೋಮಿಂಗ್ ಪ್ಯಾಕ್ ಮಾರುತ್ತವೆ. ತಿಂಗಳಿಗೆ ಸಾವಿರಗಳಲ್ಲಿ ಲೆಕ್ಕ. ವ್ಯಾಪಾರದ ಕೆಲಸಕ್ಕೆ ನಾಲ್ಕು ದಿನ ಹೋಗಿಬರುವವರಿಗೆ ಅದು ಸರಿ. ಆದರೆ ಬಾಣಂತನಕ್ಕೆ ಹೋದವರು ನಾಲ್ಕು ದಿನಕ್ಕೆ ಬರುವವರಲ್ಲ, ದಿನದ ಬಹುಪಾಲು ಮನೆಯಲ್ಲೇ ಇರುವವರು. ಕೂಸಿಗೆ ಎರೆಯುವುದು, ಅರಿವೆ ಒಗೆಯುವುದು, ಅಡಿಗೆ ಇವೆಲ್ಲ ನಡೆಯುವುದು ವೈಫೈ ಇರುವ ನಾಲ್ಕು ಗೋಡೆಗಳ ಒಳಗೆ. 2025-26ರಲ್ಲಿ ಉದ್ಯೋಗ ಖಾತ್ರಿಯ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಮೂರೂವರೆ ಸಾವಿರದ ಪ್ಯಾಕ್ ಅಂದರೆ ಒಬ್ಬರ ಒಂಬತ್ತು ದಿನದ ದುಡಿಮೆಗೂ ಹೆಚ್ಚು. ಇಬ್ಬರ ಫೋನಿಗೆ ಪ್ರತಿ ತಿಂಗಳು ಅಷ್ಟು ಸುರಿಯಲು ನನಗೆ ಮನಸ್ಸು ಬರಲಿಲ್ಲ.

ಹಾಗಾದರೆ ಸಿಮ್ ತೆಗೆದು ಪಾಕೀಟಿಗೆ ತುರುಕಿದರೆ ಆಯಿತಲ್ಲ, ಗೋವಾದವರು ಮಾಡಿದ ಹಾಗೆ? ಆಗದು. ಬದಲಾದದ್ದು ಇಲ್ಲೇ. ಅಂದಿನ ನಂಬರು ಬರೀ ಮಾತಾಡುವ ನಂಬರು. ಇಂದಿನ ನಂಬರಿಗೆ ಬ್ಯಾಂಕಿದೆ, ಆಧಾರ್ ಇದೆ, ಪಿಂಚಣಿ ಇದೆ, ಗ್ಯಾಸ್ ಬುಕಿಂಗ್ ಇದೆ. ವಿದೇಶದಲ್ಲಿ ಕೂತು ಒಂದು ಠೇವಣಿ ನವೀಕರಿಸಬೇಕೆಂದರೂ ಒಟಿಪಿ ಬರುವುದು ಆ ನಂಬರಿಗೇ. ಒಟಿಪಿ ಬರುವುದು ಎಸ್‌ಎಂಎಸ್ ರೂಪದಲ್ಲಿ. ಎಸ್‌ಎಂಎಸ್ಸಿಗೆ ಮೊಬೈಲ್ ನೆಟ್‌ವರ್ಕ್ ಬೇಕು. ಕೆಲವು ಫೋನು, ಕೆಲವು ಕಂಪನಿಗಳಲ್ಲಿ ಫ್ಲೈಟ್ ಮೋಡ್‌ನಲ್ಲೂ ವೈಫೈ ಮೂಲಕ ಎಸ್‌ಎಂಎಸ್ ಬರುವುದುಂಟು, ಆದರೆ ಬ್ಯಾಂಕಿನ ಕೆಲಸಕ್ಕೆ ಅದನ್ನೇ ನಂಬಿ ಕೂರುವ ಧೈರ್ಯ ನನಗಿಲ್ಲ.

ನಾವು ಮಾಡಿಕೊಂಡ ಏರ್ಪಾಡು ಹೀಗಿತ್ತು. ಹೊರಡುವ ಮೊದಲೇ ಇಬ್ಬರ ನಂಬರಿಗೂ ಅಂತಾರಾಷ್ಟ್ರೀಯ ರೋಮಿಂಗ್ ಸೇವೆ ಚಾಲೂ ಮಾಡಿಸಿದೆವು. ಸೇವೆ ಚಾಲೂ ಇರುವುದು ಬೇರೆ, ಡೇಟಾ ರೋಮಿಂಗ್ ಆನ್ ಇರುವುದು ಬೇರೆ. ಮೊದಲನೆಯದು ಇದ್ದರೆ ಸಿಮ್ ಅಲ್ಲಿನ ನೆಟ್‌ವರ್ಕ್ ಹಿಡಿಯುತ್ತದೆ, ಎರಡನೆಯದು ಬಂದ್ ಇದ್ದರೆ ಇಂಟರ್ನೆಟ್‌ಗೆ ಒಂದು ಪೈಸೆ ಹೋಗುವುದಿಲ್ಲ. ರೋಮಿಂಗ್‌ನಲ್ಲಿ ಬರುವ ಎಸ್‌ಎಂಎಸ್ ಸಾಮಾನ್ಯವಾಗಿ ಉಚಿತ. ಸೇವೆಗೆ ಯಾವ ರೀಚಾರ್ಜ್ ಇರಬೇಕು ಎಂಬುದು ಮಾತ್ರ ಕಂಪನಿಯಿಂದ ಕಂಪನಿಗೆ ಬೇರೆ, ಅದನ್ನು ಅಂಗಡಿಯವನನ್ನಲ್ಲ, ಕಂಪನಿಯನ್ನೇ ಕೇಳಿ ಖಾತ್ರಿ ಮಾಡಿಕೊಳ್ಳಬೇಕು. ದಿನವಿಡೀ ಫೋನು ಫ್ಲೈಟ್ ಮೋಡ್‌ನಲ್ಲಿ, ವೈಫೈ ಮಾತ್ರ ಆನ್. ಬ್ಯಾಂಕಿನ ಕೆಲಸವಿದ್ದಾಗ ಫ್ಲೈಟ್ ಮೋಡ್ ತೆಗೆದು, ಒಟಿಪಿ ಬಂದ ಮೇಲೆ ಮತ್ತೆ ಹಾಕುವುದು. ಆ ನಡುವೆ ಯಾರ ಕರೆ ಬಂದರೂ ಎತ್ತುವಂತಿಲ್ಲ. ನನ್ನಾಕೆಗೆ ಇದು ದೊಡ್ಡ ಶಿಕ್ಷೆ. ರಿಂಗಾಗುವ ಫೋನನ್ನು ಸುಮ್ಮನೆ ನೋಡುತ್ತಾ ಕೂರುವುದು ಅವಳ ಜಾಯಮಾನವಲ್ಲ.

ಯುಪಿಐ ಆ್ಯಪ್‌ಗಳ ವಿಷಯದಲ್ಲಿ ಇನ್ನೊಂದು ಎಚ್ಚರ. ಅವು ನಂಬರನ್ನು ಖಾತ್ರಿ ಮಾಡಿಕೊಳ್ಳಲು ನಮ್ಮ ಫೋನಿನಿಂದಲೇ ಒಂದು ಎಸ್‌ಎಂಎಸ್ ಹೊರಗೆ ಕಳಿಸುತ್ತವೆ. ಪರದೇಶದಿಂದ ಹೊರಹೋಗುವ ಎಸ್‌ಎಂಎಸ್ ಉಚಿತವಲ್ಲ, ಕೆಲವೊಮ್ಮೆ ಹೋಗುವುದೂ ಇಲ್ಲ. ಆದ್ದರಿಂದ ಹೊಸ ಫೋನಿಗೆ ಬದಲಾಗುವುದು, ಆ್ಯಪ್ ತೆಗೆದು ಮತ್ತೆ ಹಾಕುವುದು ಇವನ್ನೆಲ್ಲ ಊರಿಗೆ ಮರಳಿದ ಮೇಲೆ ಇಟ್ಟುಕೊಳ್ಳಿ. ಮಗ ಹೊಸ ಐಫೋನ್ ಕೊಡಿಸಿದನೆಂದು ಅಲ್ಲೇ ಹಳೆಯದನ್ನು ಕೊಟ್ಟುಬಿಡಬೇಡಿ. ಅಲ್ಲೇ ನೆಲೆಸಿದ ಎನ್‌ಆರ್‌ಐಗಳ ದಾರಿ ಬೇರೆ. ಸೌದಿ, ಯುಎಇ, ಕತಾರ್, ಒಮಾನ್ ಸೇರಿ ಹತ್ತು ದೇಶಗಳ ನಂಬರಿನಲ್ಲೇ ಎನ್‌ಆರ್‌ಇ, ಎನ್‌ಆರ್‌ಒ ಖಾತೆಗೆ ಯುಪಿಐ ಜೋಡಿಸಲು 2023ರ ಜನವರಿಯಲ್ಲಿ ಎನ್‌ಪಿಸಿಐ ಅವಕಾಶ ಮಾಡಿತು. ನಮ್ಮಂಥ ಹೋಗಿಬರುವವರಿಗೆ ಅದು ದಕ್ಕುವುದಿಲ್ಲ.

ನಂಬರು ಬದುಕಿರಬೇಕಾದರೆ ಅದಕ್ಕೆ ಆಹಾರವೂ ಬೇಕು. ಪ್ರಿಪೇಯ್ಡ್ ಸಿಮ್ಮನ್ನು 90 ದಿನ ಬಳಸದೆ ಬಿಟ್ಟರೆ ಕಂಪನಿ ಅದನ್ನು ಬಂದ್ ಮಾಡಬಹುದು. ಆಗ ಖಾತೆಯಲ್ಲಿ 20 ರೂಪಾಯಿ ಇದ್ದರೆ ಅದನ್ನು ಹಿಡಿದು ಇನ್ನೂ 30 ದಿನ ಉಳಿಸಬೇಕೆಂದು ಟ್ರಾಯ್ ನಿಯಮ ಹೇಳುತ್ತದೆ. ಬಂದ್ ಆದ ನಂಬರನ್ನು ಕೆಲಕಾಲದ ನಂತರ ಬೇರೆಯವರಿಗೆ ಕೊಡುತ್ತಾರೆ, ಆಗ ನಿಮ್ಮ ಒಟಿಪಿ ಯಾರದೋ ಕೈಗೆ. ಮಾತು ಮತ್ತು ಎಸ್‌ಎಂಎಸ್ ಮಾತ್ರ ಇರುವ, ಡೇಟಾ ಇಲ್ಲದ ಪ್ಯಾಕ್‌ಗಳನ್ನೂ ಕೊಡಲೇಬೇಕು ಎಂದು 2024ರ ಡಿಸೆಂಬರ್‌ನಲ್ಲಿ ಟ್ರಾಯ್ ಕಂಪನಿಗಳಿಗೆ ಹೇಳಿತು. ಅವಧಿ ಒಂದು ವರ್ಷದವರೆಗೂ ಇರಬಹುದು. ಹೊರದೇಶಕ್ಕೆ ಹೋಗುವವರಿಗೆ ಇಂಥ ಪ್ಯಾಕೇ ಸರಿ. ಜರ್ಮನಿಯಲ್ಲಿ ಕೂತು ಕೊಪ್ಪಳದ ದಿನಕ್ಕೆರಡು ಜಿಬಿ ಡೇಟಾಕ್ಕೆ ದುಡ್ಡು ಕಟ್ಟುವುದು ಯಾವ ಜಾಣತನ?

ವೈಫೈ ಎಲ್ಲ ಕಡೆ ಕೈ ಹಿಡಿಯುವುದಿಲ್ಲ. ವಿಮಾನ ಬದಲಿಸಲು ದುಬೈನಲ್ಲಿ ಇಳಿದಾಗ ನಿಲ್ದಾಣದ ವೈಫೈ ಪುಕ್ಕಟೆ ಸಿಕ್ಕಿತು, ವಾಟ್ಸ್ಆ್ಯಪ್ ಮೆಸೇಜೂ ಹೋಯಿತು. ಕರೆ ಮಾತ್ರ ಹೋಗಲಿಲ್ಲ. ಯುಎಇಯಲ್ಲಿ ವಾಟ್ಸ್ಆ್ಯಪ್ ಕರೆಗೆ ತಡೆ ಇದೆ, ಬೋಟಿಮ್‌ನಂಥ ಪರವಾನಗಿ ಇರುವ ಆ್ಯಪ್‌ಗಳೇ ಬೇಕು. ಇದು ಗೊತ್ತಿದ್ದುದರಿಂದ ಧ್ವನಿ ಮೆಸೇಜು ಕಳಿಸುತ್ತೇವೆಂದು ಮನೆಯಲ್ಲಿ ಮೊದಲೇ ಹೇಳಿದ್ದೆ. ಗಂಗಾವತಿಯಿಂದ ಉಮ್ರಾಗೆ ಹೋಗುವವರಿಗೆ ಇದೆಲ್ಲ ನಮಗಿಂತ ಚೆನ್ನಾಗಿ ಗೊತ್ತು. ಸೌದಿ 2017ರ ಸೆಪ್ಟೆಂಬರ್‌ನಲ್ಲಿ ಇಂಟರ್ನೆಟ್ ಕರೆಗಳ ಮೇಲಿನ ನಿರ್ಬಂಧ ಸಡಿಲಿಸಿದರೂ ವಾಟ್ಸ್ಆ್ಯಪ್ ಕರೆಗೆ ಬಹುಕಾಲ ದಾರಿ ಬಿಟ್ಟಿರಲಿಲ್ಲ, ಅದಕ್ಕೇ ಅವರ ಮನೆಗಳಲ್ಲಿ ಇಮೋ ಅಷ್ಟು ಬಳಕೆ. ನಮ್ಮಲ್ಲಿಗೆ ಬರುವ ವಿದೇಶಿಯರ ಪಾಡು ಇನ್ನೊಂದು ಬಗೆ: ರೈಲು ನಿಲ್ದಾಣದ ರೈಲ್‌ವೈರ್ ವೈಫೈ ಪುಕ್ಕಟೆಯೇ, ಆದರೆ ಅದರ ಬಾಗಿಲು ತೆಗೆಯಲು ಮೊಬೈಲ್ ನಂಬರಿಗೆ ಬರುವ ಒಟಿಪಿ ಬೇಕು.

ಮನೆಯಿಂದ ಹೊರಗೆ ಕಾಲಿಟ್ಟಾಗ ಏನು? ಮಗಳೋ ಅಳಿಯನೋ ಜೊತೆಗಿದ್ದರೆ ಅವರ ಹಾಟ್‌ಸ್ಪಾಟ್. ದೂರದ ಐಸಿಇ ರೈಲುಗಳಲ್ಲಿ ವೈಫೈ ಉಚಿತ. ಒಬ್ಬನೇ ಪೇಟೆಗೆ ಹೋಗುವಾಗ ಊರಿನ ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಂಡಿರುತ್ತಿದ್ದೆ, ಜಿಪಿಎಸ್ಸಿಗೆ ಇಂಟರ್ನೆಟ್ ಬೇಕಿಲ್ಲ. ಏನಾದರೂ ಅನಾಹುತವಾದರೆ ಫ್ಲೈಟ್ ಮೋಡ್ ತೆಗೆದು 112 ಒತ್ತಬೇಕು, ಆ ಕರೆ ಉಚಿತ. ಜರ್ಮನಿಯಲ್ಲಿ ಸಿಮ್ ಇಲ್ಲದ ಫೋನಿನಿಂದ 112 ಹೋಗುವುದಿಲ್ಲ, ಆದ್ದರಿಂದ ಬಳಸದಿದ್ದರೂ ಸಿಮ್ ಒಳಗಿರಲಿ. ದಿನಾ ಹೊರಗೆ ತಿರುಗುವವರಾದರೆ ಈ ಸರ್ಕಸ್ ಬೇಡ, ಅಲ್ಲಿನದೇ ಒಂದು ಪ್ರಿಪೇಯ್ಡ್ ಸಿಮ್ ಅಥವಾ ಇ-ಸಿಮ್ ಎರಡನೇ ಸಿಮ್ ಆಗಿ ಹಾಕಿಕೊಳ್ಳಿ. ಕೂಸನ್ನು ಗಾಡಿಯಲ್ಲಿ ಕೂರಿಸಿಕೊಂಡು ಒಬ್ಬಳೇ ಉದ್ಯಾನಕ್ಕೆ ಹೋಗತೊಡಗಿದ ಮೇಲೆ ನನ್ನಾಕೆಗೂ ಅದನ್ನೇ ಹಾಕಿಸಿದೆವು. ಉಳಿತಾಯದ ಹುಕಿಯಲ್ಲಿ ಅಷ್ಟನ್ನೂ ಬಿಗಿಹಿಡಿಯುವುದು ನನಗೆ ಒಪ್ಪಿಗೆಯಿಲ್ಲ.

ವೈಫೈನ ಮಾತು ನಡೆಯಬೇಕಾದರೆ ಆ ಕಡೆಯವರ ಹತ್ತಿರವೂ ಇಂಟರ್ನೆಟ್ ಇರಬೇಕಲ್ಲ. ಯಲಬುರ್ಗಾ ಕಡೆಯ ಹಳ್ಳಿಯಲ್ಲಿರುವ ನನ್ನ ಅಕ್ಕನದು ಬಟನ್ ಫೋನು. “ನಿನ್ನ ವೈಫೈ ನನಗ್ಯಾಕ ತಮ್ಮಾ, ಮೊದಲಿನಂಗ ಫೋನ್ ಹಚ್ಚು” ಅಂದಳು. ಪಕ್ಕದ ಮನೆಯ ಕಾಲೇಜು ಹುಡುಗನನ್ನು ಒಪ್ಪಿಸಿದೆ. ವಾರಕ್ಕೊಮ್ಮೆ, ಜರ್ಮನಿಯಲ್ಲಿ ಮಧ್ಯಾಹ್ನ, ಬೇಸಿಗೆಯಾದರೆ ಊರಲ್ಲಿ ಮೂರೂವರೆ ತಾಸು ಮುಂದೆ, ಅವನು ಫೋನು ಹಿಡಿದು ಅವಳ ಕಟ್ಟೆಗೆ ಬರುತ್ತಿದ್ದ. ವಿಡಿಯೊದಲ್ಲಿ ಕೂಸನ್ನು ಕಂಡ ಮೇಲೆ ಅಕ್ಕನಿಗೆ ಬಟನ್ ಫೋನಿನ ಮೇಲಿನ ಮೋಹ ಸ್ವಲ್ಪ ಇಳಿಯಿತು. ಆ ಹುಡುಗನ ಫೋನಿಗೆ ನಾವು ಇದ್ದಷ್ಟು ಕಾಲವೂ ನಾನೇ ಕರೆನ್ಸಿ ಹಾಕಿಸಿದೆ, ಅದಕ್ಕೆ ಬೇಕಾದ ಒಟಿಪಿ ನನ್ನ ನಂಬರಿಗೇ ಬರುತ್ತಿತ್ತು. ರೋಮಿಂಗ್ ಬಾಬತ್ತಿನಲ್ಲಿ ಬರೆದಿಡುವಂಥ ಖರ್ಚೆಂದರೆ ಅದು, ಮತ್ತು ನನ್ನಾಕೆಯ ಆ ಜರ್ಮನ್ ಸಿಮ್ಮು.