ಸಿ. ಬಿ. ಮುತ್ತಮ್ಮ

ಸಂಧಾನಕ್ಕಾಗಿ ಹಸ್ತಿನಾವತಿಗೆ ತೆರಳಿದ ಶ್ರೀಕೃಷ್ಣನ ಕಥೆಯನ್ನು ಕೇಳದವರು ನಮ್ಮ ನಾಡಿನಲ್ಲಿ ವಿರಳ. ತನ್ನವರ ಮಾತನ್ನು ಕೆಡದಂತೆ ಮುಟ್ಟಿಸುವುದು, ಎದುರಿನವರ ಮನಸ್ಸನ್ನು ಅಳೆಯುವುದು, ಮಾತು ಮುರಿಯುವ ಹೊತ್ತಿನಲ್ಲಿಯೂ ತಾಳ್ಮೆಗೆಡದಿರುವುದು, ಇವು ಅಂದಿಗೂ ಇಂದಿಗೂ ರಾಯಭಾರಿಯ ಕೆಲಸದ ತಿರುಳು. ಇಂದಿನ ರಾಯಭಾರಿಯು ಪರದೇಶದ ರಾಜಧಾನಿಯಲ್ಲಿ ವರ್ಷಗಟ್ಟಲೆ ನೆಲಸಿ, ಅಲ್ಲಿನ ಆಗುಹೋಗುಗಳನ್ನು ತನ್ನ ಸರಕಾರಕ್ಕೆ ತಿಳಿಸುತ್ತಾನೆ. ವ್ಯಾಪಾರದ ಒಪ್ಪಂದಗಳಿಗೆ ದಾರಿ ಮಾಡುತ್ತಾನೆ. ಕಷ್ಟಕ್ಕೆ ಸಿಲುಕಿದ ಸ್ವದೇಶೀಯರಿಗೆ ನೆರವಾಗುತ್ತಾನೆ. ಇಲ್ಲಿ ‘ಮಾಡುತ್ತಾನೆ’, ‘ಆಗುತ್ತಾನೆ’ ಎಂದೇ ಬರೆದುದು ನಿಮಗೆ ಸಹಜವಾಗಿ ತೋರಿರಬಹುದು. ಸರಕಾರದ ಕಚೇರಿಗಳಲ್ಲಿಯೂ ಬಹುಕಾಲ ಆ ಪದವಿಗೆ ಪುಲ್ಲಿಂಗವೇ ಸಹಜವೆನಿಸಿತ್ತು.

ಚೋನಿರ ಬೆಳ್ಳಿಯಪ್ಪ ಮುತ್ತಮ್ಮನವರು ಹುಟ್ಟಿದ್ದು ಕೊಡಗಿನ ವಿರಾಜಪೇಟೆಯಲ್ಲಿ, 1924ರ ಜನವರಿ 24ರಂದು. ಆಗ ಕೊಡಗು ಬ್ರಿಟಿಷರ ಒಂದು ಪ್ರತ್ಯೇಕ ಚಿಕ್ಕ ಪ್ರಾಂತ. ನಮ್ಮ ನವಲಗುಂದ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಕಾಫಿ ತೋಟಗಳ ಆ ಮಲೆನಾಡೂ ಜೋಳ ಹತ್ತಿಗಳ ಈ ಎರೆಭೂಮಿಯೂ ಒಂದೇ ರಾಜ್ಯದೊಳಗೆ ಬಂದದ್ದು 1956ರಲ್ಲಿ. ಮುತ್ತಮ್ಮನವರ ತಂದೆ ಅರಣ್ಯಾಧಿಕಾರಿಗಳು. ಮಗಳಿಗೆ ಒಂಬತ್ತು ವರ್ಷವಾಗಿದ್ದಾಗ ಅವರು ತೀರಿಕೊಂಡರು. ನಾಲ್ವರು ಮಕ್ಕಳನ್ನೂ ಚೆನ್ನಾಗಿ ಓದಿಸಬೇಕೆಂಬ ಒಂದೇ ಹಟವನ್ನು ತಾಯಿ ಹಿಡಿದರು. ಮಡಿಕೇರಿಯ ಶಾಲೆ ಮುಗಿಸಿದ ಮುತ್ತಮ್ಮನವರು ಮದರಾಸಿನ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಪದವಿ ಪಡೆದು, ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯದ ಎಂ. ಎ. ಮಾಡಿದರು.

1948ರಲ್ಲಿ ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಯಲ್ಲಿ ಉತ್ತೀರ್ಣರಾದ ಮೊದಲ ಮಹಿಳೆ ಅವರು. ಆರಿಸಿಕೊಂಡದ್ದು ವಿದೇಶಾಂಗ ಸೇವೆಯನ್ನು. ಸಂದರ್ಶನ ಮಂಡಲಿಯ ಅಧ್ಯಕ್ಷರೇ ಆ ಸೇವೆ ಬೇಡವೆಂದು ಮನವೊಲಿಸಲು ನೋಡಿದರೆಂದು ಅವರು ಮುಂದೆ ನ್ಯಾಯಾಲಯಕ್ಕೆ ತಿಳಿಸಿದ್ದಾರೆ. ಅವರು ಹಿಂಜರಿಯಲಿಲ್ಲ. 1949ರಲ್ಲಿ ಸೇವೆಗೆ ಸೇರುವಾಗ, ಮದುವೆಯಾದರೆ ರಾಜೀನಾಮೆ ಕೊಡುವೆನೆಂದು ಮುಚ್ಚಳಿಕೆ ಬರೆದುಕೊಡಬೇಕಾಯಿತು. ಜೊತೆಗೆ ಸೇರಿದ ಪುರುಷರಾರಿಗೂ ಈ ಕಟ್ಟು ಇರಲಿಲ್ಲ.

ಪ್ಯಾರಿಸ್, ರಂಗೂನ್, ಲಂಡನ್ ಮೊದಲಾದೆಡೆ ದುಡಿದ ಅವರು 1970ರಲ್ಲಿ ಹಂಗೆರಿ ದೇಶಕ್ಕೆ ರಾಯಭಾರಿಯಾದರು. ವಿಜಯಲಕ್ಷ್ಮಿ ಪಂಡಿತರು 1947ರಲ್ಲಿಯೇ ಮಾಸ್ಕೋದಲ್ಲಿ ರಾಯಭಾರಿಯಾಗಿದ್ದರಲ್ಲವೇ ಎಂದು ಯಾರಾದರೂ ಕೇಳಬಹುದು. ನಿಜ; ಆದರೆ ಅವರು ರಾಜಕಾರಣದಿಂದ ಬಂದವರು. ಪರೀಕ್ಷೆ ಬರೆದು, ಕೆಳಗಿನ ಮೆಟ್ಟಿಲಿನಿಂದ ಹತ್ತಿ ಆ ಪದವಿಗೇರಿದ ಮಹಿಳೆಯರಲ್ಲಿ ಮುತ್ತಮ್ಮನವರೇ ಮೊದಲಿಗರು.

ಮುಂದಿನ ಮೆಟ್ಟಿಲು ಕಠಿಣವಾಯಿತು. ಸೇವೆಯ ಮೊದಲನೆಯ ದರ್ಜೆಗೆ ಬಡ್ತಿ ಕೊಡುವಾಗ ಅರ್ಹತೆ ಸಾಲದೆಂದು ಅವರನ್ನು ಕೈಬಿಡಲಾಯಿತು. ಕಿರಿಯರು ಮುಂದೆ ಹೋದರು. ಅವರು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಸೇವೆಯಲ್ಲಿದ್ದುಕೊಂಡೇ ಸರಕಾರದ ಮೇಲೆ ದಾವೆ ಹೂಡುವುದು ಸಣ್ಣ ಮಾತಲ್ಲ. ತಮಗಾದ ಅನ್ಯಾಯದ ಜೊತೆಗೆ 1961ರ ನಿಯಮಗಳನ್ನೂ ಅವರು ಪ್ರಶ್ನಿಸಿದರು. ಮಹಿಳಾ ಅಧಿಕಾರಿಯು ಮದುವೆಗೆ ಮುಂಚೆ ಸರಕಾರದ ಲಿಖಿತ ಅನುಮತಿ ಪಡೆಯಬೇಕು; ಸಂಸಾರದ ಹೊಣೆ ಕೆಲಸಕ್ಕೆ ಅಡ್ಡಿಯಾದೀತೆಂದು ಸರಕಾರಕ್ಕೆ ತೋರಿದರೆ ಆಕೆ ರಾಜೀನಾಮೆ ಕೊಡಬೇಕಾದೀತು; ವಿವಾಹಿತೆಗೆ ನೇಮಕವು ಹಕ್ಕಲ್ಲ ಎಂದು ಆ ನಿಯಮಗಳು ಸಾರುತ್ತಿದ್ದವು. ಸಂಸಾರವೆಂಬುದು ಗಂಡಸರಿಗೂ ಉಂಟೆಂಬುದನ್ನು ಅವುಗಳನ್ನು ಬರೆದವರು ಮರೆತಿದ್ದರೆಂದು ತೋರುತ್ತದೆ!

ದಾವೆ ಹೂಡಿದ ಕೆಲವು ತಿಂಗಳಲ್ಲಿಯೇ ಸರಕಾರ ಅವರಿಗೆ ಬಡ್ತಿ ನೀಡಿತು. ಒಂದು ನಿಯಮ ಆಗಲೇ ರದ್ದಾಗಿತ್ತು. ಇನ್ನೊಂದನ್ನು ತೆಗೆಯುತ್ತಿರುವುದಾಗಿ ಸರಕಾರ ಹೇಳಿತು. ಹೀಗಾಗಿ 1979ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಮತ್ತು ನ್ಯಾಯಮೂರ್ತಿ ಪಿ. ಎನ್. ಸಿಂಘಾಲ್ ಅವರ ಪೀಠ ಅರ್ಜಿಯನ್ನು ವಜಾ ಮಾಡಿತು. ಆದರೆ ಇದನ್ನು ಸೋಲೆನ್ನಲಾಗದು. ವಿವಾಹಿತ ಪುರುಷನಿಗಿರುವ ಹಕ್ಕು ವಿವಾಹಿತ ಸ್ತ್ರೀಗೂ ಉಂಟೆಂದು ಕೃಷ್ಣ ಅಯ್ಯರ್ ಬರೆದರು. ಒಬ್ಬೊಬ್ಬರು ದಾವೆ ತರುವವರೆಗೆ ಕಾಯದೆ, ಲಿಂಗಭೇದದ ಕಲೆ ಉಳಿಯದಂತೆ ಎಲ್ಲ ಸೇವಾನಿಯಮಗಳನ್ನೂ ಸರಕಾರ ತಿದ್ದಬೇಕೆಂದರು. ಮುತ್ತಮ್ಮನವರ ಹಿರಿತನವನ್ನು ಮರುಪರಿಶೀಲಿಸುವಂತೆಯೂ ಸೂಚಿಸಿದರು.

ಘಾನಾ, ನೆದರ್‌ಲೆಂಡ್ಸ್ ದೇಶಗಳಲ್ಲಿಯೂ ರಾಯಭಾರಿಯಾಗಿದ್ದ ಅವರು 1982ರಲ್ಲಿ ನಿವೃತ್ತರಾದರು. ಸ್ವೀಡನ್ನಿನ ಓಲೋಫ್ ಪಾಮೆಯವರು ಕಟ್ಟಿದ ಅಂತರರಾಷ್ಟ್ರೀಯ ನಿಶ್ಶಸ್ತ್ರೀಕರಣ ಆಯೋಗದಲ್ಲಿ ಭಾರತದ ಸದಸ್ಯರೂ ಅವರೇ. ಬಿಡುವಿನಲ್ಲಿ ಅವರು ಬರೆದುದು ಎರಡು ಬಗೆಯದು. ‘ಸ್ಲೇನ್ ಬೈ ದಿ ಸಿಸ್ಟಮ್’ ಎಂಬುದು ಆಡಳಿತ ವ್ಯವಸ್ಥೆಯನ್ನು ಟೀಕಿಸುವ ಪುಸ್ತಕ. ಇನ್ನೊಂದು ಕೊಡವರ ಅಡುಗೆಯದು. ಮದುವೆಯಾಗದೆಯೇ ಉಳಿದಿದ್ದ ಮುತ್ತಮ್ಮನವರು 2009ರ ಅಕ್ಟೋಬರ್ 14ರಂದು ಬೆಂಗಳೂರಿನಲ್ಲಿ ನಿಧನರಾದರು. ಆ ದಿನ ದಿಲ್ಲಿಯಲ್ಲಿ ವಿದೇಶಾಂಗ ಕಾರ್ಯದರ್ಶಿಯ ಪೀಠದಲ್ಲಿದ್ದವರು ನಿರುಪಮಾ ರಾವ್. ವಿವಾಹಿತೆ, ಇಬ್ಬರು ಮಕ್ಕಳ ತಾಯಿ.